“ನಿಮಗೆ ಲೈಟಾಗಿರಲಿ ಅಂತ”

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ನನ್ನ ಹತ್ತಿರ ಸಲಹೆ ಕೇಳಿ ಬಂದವರು ಖಾಸಗಿ ಕಂಪನಿಯೊಂದರ ಸೀನಿಯರ್ ಅಕೌಂಟೆಂಟ್, 31 ವರ್ಷ. ನೌಕರರ ಸಂಬಳದ ಲೆಕ್ಕ, ಜಿಎಸ್‌ಟಿ ರಿಟರ್ನ್ಸ್ ಎರಡೂ ಏಳು ವರ್ಷ ಇವರ ಕೈಯಲ್ಲೇ ಇತ್ತು. ಹೆರಿಗೆ ರಜೆ ಮುಗಿಸಿ ಹೋದರೆ, ಇವರೇ ಕೆಲಸ ಕಲಿಸಿದ ಹುಡುಗ ಇವರ ಕುರ್ಚಿಯಲ್ಲಿ ಕೂತಿದ್ದ. ಇವರಿಗೆ ಜೆರಾಕ್ಸ್ ಮಷಿನ್ ಪಕ್ಕದ ಟೇಬಲ್, ಹಳೇ ಬಿಲ್ ಸ್ಕ್ಯಾನ್ ಮಾಡುವ ಕೆಲಸ. “ಮಗು ಚಿಕ್ಕದು ಅಲ್ವಾ, ನಿಮಗೆ ಲೈಟಾಗಿರಲಿ ಅಂತ” ಅಂದರಂತೆ ಮ್ಯಾನೇಜರ್.

“ಸಂಬಳ ಕಡಿಮೆ ಮಾಡಿಲ್ಲ ಮೇಡಂ, ಯಾರೂ ಬಯ್ದಿಲ್ಲ. ಆದರೂ ಯಾಕೆ ಅಳು ಬರುತ್ತೆ?” ಅಂತ ಕೇಳಿದರು. ಮಧ್ಯಾಹ್ನ ಟಾಯ್ಲೆಟ್‌ನಲ್ಲಿ ನಿಂತು ಎದೆಹಾಲು ಹಿಂಡಿ ಸಿಂಕಿಗೆ ಚೆಲ್ಲಿ, ದುಪಟ್ಟಾ ಸರಿಮಾಡಿಕೊಂಡು ಮತ್ತೆ ಸ್ಕ್ಯಾನರ್ ಮುಂದೆ ಕೂರುತ್ತಿದ್ದರು. ರಾಜೀನಾಮೆ ಪತ್ರ ಮೊಬೈಲಿನಲ್ಲಿ ರೆಡಿ ಇತ್ತು.

ಅದನ್ನು ಕಳಿಸಬೇಡಿ ಅಂತ ಮೊದಲೇ ಹೇಳಿದೆ. ರಾತ್ರಿಗೆ ಮೂರು ಸಲ ಏಳುವ ದಿನಗಳಲ್ಲಿ ಕೆಲಸ ಬಿಡುವ ತೀರ್ಮಾನ ಬೇಡ. ಒಂದು ತಿಂಗಳು ತಡೆಯಿರಿ, ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಏಳು ವರ್ಷ ಮಾಡಿದ ಕೆಲಸ ಒಂದು ಮಾತೂ ಕೇಳದೆ ಕಿತ್ತುಕೊಂಡರೆ ಯಾರಿಗಾದರೂ ಅಳು ಬರುತ್ತೆ. 2017ರ ತಿದ್ದುಪಡಿಯಿಂದ 26 ವಾರದ ರಜೆ ಬಂತು ಅನ್ನೋದು ತುಂಬಾ ಜನಕ್ಕೆ ಗೊತ್ತು. ಆದರೆ ಆ ರಜೆಯಲ್ಲಿರುವಾಗ ಕೆಲಸದ ಷರತ್ತನ್ನು ಆಕೆಗೆ ನಷ್ಟವಾಗುವ ಹಾಗೆ ಬದಲಿಸುವಂತಿಲ್ಲ ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಉಂಟು, ಅದಕ್ಕೆ ಸಂಬಳ ಹಿಡಿಯುವಂತಿಲ್ಲ. 50 ಜನ ಇದ್ದ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ಇವರ ಆಫೀಸಿನಲ್ಲಿ 80 ಜನ!

ಜಗಳ ಬೇಡ, ಬರಹದಲ್ಲಿ ಕೇಳಿ ಅಂದೆ. ಮೇಲ್ ಇಬ್ಬರೂ ಕೂತೇ ಬರೆದೆವು. “ರಜೆಗೆ ಮುಂಚೆ ಈ ಎರಡು ಕೆಲಸ ನನ್ನದಾಗಿತ್ತು. ಬದಲಾವಣೆ ಯಾವ ಆದೇಶದ ಮೇಲೆ ಆಗಿದೆ, ಕೆಲಸ ಯಾವಾಗ ವಾಪಸ್ ಸಿಗುತ್ತದೆ, ದಯವಿಟ್ಟು ತಿಳಿಸಿ.” ಅಷ್ಟೇ. ಬೇಜಾರಾಯ್ತು, ಅವಮಾನವಾಯ್ತು ಅನ್ನುವ ಸಾಲುಗಳನ್ನು ನಾನೇ ತೆಗೆಸಿದೆ, ಅವು ನನ್ನ ಹತ್ತಿರ ಹೇಳಿಕೊಳ್ಳುವುದಕ್ಕೆ. ನೇಮಕಾತಿ ಪತ್ರದ ಪ್ರತಿ ಮನೆಯಲ್ಲಿಡಿ, ಕಾರ್ಮಿಕ ಇಲಾಖೆಗೆ ಹೋಗುವ ದಾರಿ ಕೊನೆಗೆ ಇದ್ದೇ ಇದೆ ಅಂತಲೂ ಹೇಳಿದೆ.

ಐದು ವಾರ ಬಿಟ್ಟು ಬಂದರು. ಸಂಬಳದ ಲೆಕ್ಕ ವಾಪಸ್ ಬಂದಿದೆ. ಚಿಲಕ ಇರುವ ಸಣ್ಣ ರೂಮು ಕೊಟ್ಟಿದ್ದಾರೆ, ಹಾಲು ಈಗ ಬಾಟಲಿಯಲ್ಲಿ ಮನೆಗೆ ಹೋಗುತ್ತೆ. ಜಿಎಸ್‌ಟಿ ಮಾತ್ರ ಇನ್ನೂ ಆ ಹುಡುಗನ ಹತ್ತಿರವೇ ಇದೆ. ಎರಡನೇ ಮೇಲ್ ಅವರೇ ಬರೆದು ತಂದಿದ್ದರು, ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ.