ಹುಂಜ ಕೂಗುವ ಹೊತ್ತಿನ ಪೂಜೆ: ಫಿಲಿಪ್ಪೀನ್ಸ್ ಹಬ್ಬಗಳ ಕುರಿತು ಓದುಗರ ಪ್ರಶ್ನೆಗಳು

ಗಲ್ಫ್ ದೇಶಗಳ ಆಸ್ಪತ್ರೆಗಳಲ್ಲಿ, ಹಡಗುಗಳಲ್ಲಿ, ಬೆಂಗಳೂರಿನ ಕಂಪನಿಗಳಲ್ಲಿ ಫಿಲಿಪ್ಪೀನ್ಸ್ ದೇಶದವರೊಡನೆ ಕೆಲಸ ಮಾಡುವ ನಮ್ಮವರು ಈಗ ಬಹಳ ಮಂದಿ. ಅವರಿಂದಲೂ ಅವರ ಮನೆಯವರಿಂದಲೂ ಬಂದ ಪತ್ರಗಳಲ್ಲಿ ಒಂದೇ ವಿಷಯದ ಸುತ್ತ ಇದ್ದವನ್ನು ಆರಿಸಿ ಈ ಬಾರಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗಳು ದುಬೈನಲ್ಲಿ ನರ್ಸ್. ಅವಳ ಕೋಣೆಯಲ್ಲಿರುವ ಫಿಲಿಪ್ಪೀನ್ಸ್ ಹುಡುಗಿ ಸೆಪ್ಟೆಂಬರ್ ಹುಟ್ಟಿದ ದಿನವೇ ಕ್ರಿಸ್‌ಮಸ್ ಅಲಂಕಾರಕ್ಕೆ ಕೈ ಹಾಕುತ್ತಾಳಂತೆ. ಡಿಸೆಂಬರ್‌ನಲ್ಲಿ ಒಂಬತ್ತು ದಿನ ನಸುಕಿನ ಪೂಜೆಯನ್ನು ತಪ್ಪಿಸುವುದೇ ಇಲ್ಲವಂತೆ. ನಾವೂ ಕಥೋಲಿಕರೇ, ಆದರೆ ನಮ್ಮ ಧರ್ಮಕೇಂದ್ರದಲ್ಲಿ ಇದ್ಯಾವುದೂ ಇಲ್ಲ. ಇದು ಚರ್ಚಿನ ನಿಯಮವೋ, ಅವರ ಊರಿನ ಪದ್ಧತಿಯೋ?
— ಕಮ್ಮನಹಳ್ಳಿಯ ಓದುಗರು

ಉತ್ತರ: ಅಲಂಕಾರ ಊರಿನ ಪದ್ಧತಿ, ಪೂಜೆ ಊರಿನವರು ಕೇಳಿ ಚರ್ಚು ಒಪ್ಪಿದ ಪದ್ಧತಿ. ಫಿಲಿಪ್ಪೀನ್ಸ್‌ನಲ್ಲಿ ಚರ್ಚಿನ ಪಂಚಾಂಗ ಒಂದು, ಜನರ ಪಂಚಾಂಗ ಇನ್ನೊಂದು ಎಂಬುದನ್ನು ಮೊದಲು ನೆನಪಿಟ್ಟುಕೊಂಡರೆ ಮುಂದಿನ ಪ್ರಶ್ನೆಗಳೂ ಸುಲಭವಾಗುತ್ತವೆ. ಚರ್ಚಿನ ಪ್ರಕಾರ ಆಗಮನ ಕಾಲ ಆರಂಭವಾಗುವುದು ಕ್ರಿಸ್ತಜಯಂತಿಗೆ ನಾಲ್ಕು ಭಾನುವಾರ ಮುಂಚೆ. ಜನರಿಗೆ ಅಷ್ಟು ತಾಳ್ಮೆಯಿಲ್ಲ. ಇಂಗ್ಲಿಷಿನಲ್ಲಿ ‘ಬರ್’ ಎಂದು ಮುಗಿಯುವ ತಿಂಗಳುಗಳು ಬಂದವೆಂದರೆ, ಅಂದರೆ ಸೆಪ್ಟೆಂಬರ್‌ನಿಂದಲೇ, ಅಂಗಡಿಗಳಲ್ಲಿ ಕ್ರಿಸ್‌ಮಸ್ ಹಾಡು ಕೇಳಿಸತೊಡಗುತ್ತದೆ. ಇದಕ್ಕೆ ಯಾವ ಶಾಸ್ತ್ರಾಧಾರವೂ ಇಲ್ಲ, ಯಾರೂ ಕೇಳುವುದೂ ಇಲ್ಲ.

ಒಂಬತ್ತು ದಿನದ ಪೂಜೆಯ ಹೆಸರು ಸಿಂಬಾಂಗ್ ಗಾಬಿ. ತಗಾಲೊಗ್ ಭಾಷೆಯಲ್ಲಿ ‘ಗಾಬಿ’ ಎಂದರೆ ರಾತ್ರಿ, ಹಾಗಾಗಿ ಇದು ರಾತ್ರಿಪೂಜೆ. ಆದರೆ ನಡೆಯುವುದು ಡಿಸೆಂಬರ್ 16ರಿಂದ 24ರವರೆಗೆ, ಬೆಳಗಿನ ಜಾವ ಮೂರರಿಂದ ಐದು ಗಂಟೆಯ ಒಳಗೆ. ಇದಕ್ಕೆ ಸ್ಪ್ಯಾನಿಷ್‌ನಿಂದ ಬಂದ ಇನ್ನೊಂದು ಹೆಸರಿದೆ, ಮಿಸಾ ದೆ ಗಾಯೊ, ಹುಂಜದ ಪೂಜೆ ಎಂದು ಅದರ ಅರ್ಥ. ಒಂಬತ್ತು ದಿನದ ಈ ಪೂಜೆ 16ನೆಯ ಶತಮಾನದ ಕೊನೆಯ ಹೊತ್ತಿಗೆ ಮೆಕ್ಸಿಕೋದಲ್ಲಿ ರೂಢಿಗೆ ಬಂದದ್ದು. ಆ ಕಾಲದಲ್ಲಿ ಸ್ಪೇನ್ ದೊರೆಗಳು ಫಿಲಿಪ್ಪೀನ್ಸನ್ನು ಆಳುತ್ತಿದ್ದುದೇ ಮೆಕ್ಸಿಕೋದ ಮೂಲಕ. 1565ರಿಂದ 1815ರವರೆಗೆ ಅಕಪುಲ್ಕೊ ಮತ್ತು ಮನಿಲಾ ನಡುವೆ ಓಡಾಡಿದ ಹಡಗುಗಳಲ್ಲಿ ಬೆಳ್ಳಿ, ರೇಷ್ಮೆಗಳ ಜೊತೆ ಪಾದ್ರಿಗಳೂ ಪದ್ಧತಿಗಳೂ ಪ್ರಯಾಣ ಮಾಡಿದವು. ಹೊಲಕ್ಕೆ ಇಳಿಯುವ ಮೊದಲೇ ರೈತರು ಪೂಜೆ ಮುಗಿಸಿಕೊಳ್ಳಲಿ ಎಂದು ಅದನ್ನು ನಸುಕಿಗೆ ಇಟ್ಟರು ಎನ್ನುತ್ತಾರೆ. ಹೊಲವಿಲ್ಲದ ಇಂದಿನ ಮನಿಲಾದಲ್ಲಿ ಕಚೇರಿಗೆ ಹೋಗುವವರಿಗಾಗಿ ಅನೇಕ ಧರ್ಮಕೇಂದ್ರಗಳು 15ರ ಸಂಜೆಯಿಂದಲೇ ಪೂಜೆ ಇಟ್ಟುಕೊಳ್ಳುತ್ತವೆ. ಹಳಬರಿಗೆ ಇದು ಅಷ್ಟಾಗಿ ರುಚಿಸುವುದಿಲ್ಲ, ಏಕೆಂದರೆ ನಿದ್ದೆ ಬಿಟ್ಟು ಏಳುವುದೇ ಅಲ್ಲಿ ಹರಕೆಯ ಅರ್ಧ ಭಾಗ. ಒಂಬತ್ತೂ ದಿನ ತಪ್ಪದೆ ಹೋದವರ ಒಂದು ಕೋರಿಕೆ ಈಡೇರುತ್ತದೆಂಬ ನಂಬಿಕೆ ಇದೆ. ಗುರುಗಳು ಪ್ರಬೋಧನೆಯಲ್ಲಿ ಎಷ್ಟು ತಿದ್ದಿದರೂ ಅದು ಹೋಗಿಲ್ಲ.

ನೀವು ಕಥೋಲಿಕರಾದ್ದರಿಂದ ಇನ್ನೊಂದು ಸೂಕ್ಷ್ಮವನ್ನು ಹೇಳಬಹುದು. ಆಗಮನ ಕಾಲದಲ್ಲಿ ನಮ್ಮ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಡುತ್ತಾರೆ, ಗ್ಲೋರಿಯಾ ಸ್ತುತಿಗೀತೆಯನ್ನು ಹಾಡುವುದಿಲ್ಲ. ಸಿಂಬಾಂಗ್ ಗಾಬಿಯಲ್ಲಿ ವಸ್ತ್ರ ಬಿಳಿ, ಗ್ಲೋರಿಯಾ ಗಟ್ಟಿಯಾಗಿಯೇ ಕೇಳಿಸುತ್ತದೆ. ಹೆರಿಗೆಗೆ ದಿನ ಎಣಿಸುತ್ತಿರುವ ಮಾತೆ ಮರಿಯಳ ಗೌರವಾರ್ಥದ ಪೂಜೆ ಇದು ಎಂಬ ಕಾರಣಕ್ಕೆ ಸಿಕ್ಕಿರುವ ರಿಯಾಯಿತಿ ಅದು.

ಧನುರ್ಮಾಸ ಶುರುವಾಗುವುದೂ ಸುಮಾರು ಡಿಸೆಂಬರ್ 16ಕ್ಕೇ. ಇವೆರಡಕ್ಕೂ ಸಂಬಂಧ ಕಲ್ಪಿಸುವ ಸಾಹಸ ಬೇಡ. ಆದರೆ ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಮಂಜು ಮುಸುಕಿದ ಬೆಳಗ್ಗೆ ದೇವಸ್ಥಾನದ ಮುಂದೆ ಬಿಸಿ ಹುಗ್ಗಿಯ ದೊನ್ನೆ ಹಿಡಿದು ನಿಂತವರಿಗೆ, ಪೂಜೆ ಮುಗಿಸಿ ಹೊರಬಂದು ಚರ್ಚಿನ ಅಂಗಳದಲ್ಲಿ ಕೆಂಡದ ಮೇಲೆ ಬೇಯುತ್ತಿರುವ ಅಕ್ಕಿಯ ತಿಂಡಿಗಾಗಿ ಸಾಲು ನಿಲ್ಲುವ ಆ ಜನರ ಖುಷಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಡಿಸೆಂಬರ್ ಬಂತೆಂದರೆ ಶಿವಾಜಿನಗರದ ಅಂಗಡಿಗಳ ಮುಂದೆ ತೂಗಾಡುವ ಕಾಗದದ ನಕ್ಷತ್ರಗಳು ಫಿಲಿಪ್ಪೀನ್ಸ್‌ನಿಂದ ಬಂದವೇ?
— ಟ್ಯಾನರಿ ರಸ್ತೆಯ ಓದುಗರು

ಉತ್ತರ: ಹಾಗೆ ಹೇಳಲು ಆಧಾರವಿಲ್ಲ. ಬೆತ್ಲೆಹೇಮಿನ ನಕ್ಷತ್ರವನ್ನು ಬಾಗಿಲಿಗೆ ತೂಗುಹಾಕುವ ರೂಢಿ ಹಲವು ದೇಶಗಳಲ್ಲಿದೆ. ಅವರ ನಕ್ಷತ್ರಕ್ಕೆ ಪರೋಲ್ ಎಂದು ಹೆಸರು. ಲಾಂದ್ರ ಎಂಬರ್ಥದ ಸ್ಪ್ಯಾನಿಷ್ ಪದದಿಂದ ಬಂದದ್ದು. ಬಿದಿರ ಕಡ್ಡಿಯ ಐದು ಮೂಲೆಯ ಚೌಕಟ್ಟಿಗೆ ತೆಳು ಕಾಗದ ಅಂಟಿಸಿ, ಕೆಳಗಿನ ಎರಡು ತುದಿಗಳಿಗೆ ಬಾಲ ಕಟ್ಟುತ್ತಾರೆ. ಪಂಪಾಂಗ ಪ್ರಾಂತದ ಸಾನ್ ಫೆರ್ನಾಂದೊ ಪಟ್ಟಣದಲ್ಲಿ ಇದೇ ವಸ್ತು ಮನೆಯಷ್ಟು ಎತ್ತರ ಬೆಳೆದು ಸ್ಪರ್ಧೆಗೆ ಇಳಿಯುತ್ತದೆ.

ಪ್ರಶ್ನೆ: ವಿವೇಕನಗರದ ಬಾಲ ಯೇಸುವಿನ ಚಿತ್ರವನ್ನು ನೋಡಿ ನನ್ನ ಫಿಲಿಪ್ಪೀನ್ಸ್ ಸಹೋದ್ಯೋಗಿಯೊಬ್ಬರು ‘ಇದು ನಮ್ಮ ಸಾಂತೊ ನಿನ್ಯೊ’ ಎಂದರು. ಎರಡೂ ಒಂದೆಯೇ?
— ಆಸ್ಟಿನ್ ಟೌನ್‌ನ ಓದುಗರು

ಉತ್ತರ: ಭಕ್ತಿ ಒಂದೇ, ವಿಗ್ರಹದ ವಂಶಾವಳಿ ಬೇರೆ. ಕಿರೀಟ, ರಾಜವಸ್ತ್ರ, ಕೈಯಲ್ಲಿ ಭೂಗೋಳ ಇರುವ ಬಾಲಕನ ರೂಪ ಎರಡರಲ್ಲೂ ಇರುವುದರಿಂದ ನಿಮ್ಮ ಸಹೋದ್ಯೋಗಿ ಹಾಗೆ ಹೇಳಿದ್ದು ಸಹಜ. ವಿವೇಕನಗರದಲ್ಲಿ ನಾವು ಪೂಜಿಸುವುದು ಪ್ರಾಗ್ ನಗರದ ಬಾಲ ಯೇಸುವಿನ ರೂಪವನ್ನು. ಸ್ಪೇನ್‌ನಿಂದ ಬೊಹೀಮಿಯಾಕ್ಕೆ ಬಂದಿದ್ದ ಆ ಮೂಲ ಪ್ರತಿಮೆಯನ್ನು 1628ರಲ್ಲಿ ಶ್ರೀಮಂತ ಮನೆತನದ ಮಹಿಳೆಯೊಬ್ಬರು ಅಲ್ಲಿನ ಕಾರ್ಮೆಲ್ ಸಭೆಯ ಸನ್ಯಾಸಿಗಳಿಗೆ ಒಪ್ಪಿಸಿದರು. ಸೆಬು ದ್ವೀಪದ ಸಾಂತೊ ನಿನ್ಯೊ ಅದಕ್ಕಿಂತ ನೂರು ವರ್ಷ ಹಿಂದೆಯೇ ಸಮುದ್ರ ದಾಟಿದ್ದ. 1521ರ ಏಪ್ರಿಲ್‌ನಲ್ಲಿ ಸ್ಪೇನ್ ಪರವಾಗಿ ಹೊರಟಿದ್ದ ನಾವಿಕ ಮೆಗೆಲನ್ ಸೆಬುವಿಗೆ ಬಂದಾಗ, ಅಲ್ಲಿನ ಅರಸ ಹುಮಬೋನನ ರಾಣಿಯ ದೀಕ್ಷಾಸ್ನಾನದ ಸಂದರ್ಭದಲ್ಲಿ ಈ ಮರದ ಪ್ರತಿಮೆ ಅವಳ ಕೈ ಸೇರಿತು. ಅದೇ ತಿಂಗಳ 27ರಂದು ಮೆಗೆಲನ್ ಪಕ್ಕದ ಮಕ್ತಾನ್ ದ್ವೀಪದಲ್ಲಿ ಅಲ್ಲಿನ ನಾಯಕ ಲಾಪುಲಾಪುವಿನ ಜನರೊಂದಿಗೆ ಕಾದಾಡಿ ಸತ್ತ. ಮುಂದೆ 44 ವರ್ಷ ಅಲ್ಲಿ ಪಾದ್ರಿ ಇರಲಿಲ್ಲ, ಚರ್ಚೂ ಇರಲಿಲ್ಲ. 1565ರಲ್ಲಿ ಸ್ಪೇನ್‌ನ ದಳಪತಿ ಲೆಗಾಸ್ಪಿಯ ದಂಡು ಬಂದು ಊರಿಗೆ ಬೆಂಕಿ ಬಿದ್ದಾಗ, ಸೈನಿಕನೊಬ್ಬನಿಗೆ ಮನೆಯೊಂದರ ಪೆಟ್ಟಿಗೆಯಲ್ಲಿ ಅದೇ ಪ್ರತಿಮೆ ಸುರಕ್ಷಿತವಾಗಿ ಸಿಕ್ಕಿತು. ಪಾದ್ರಿಗಳಿಲ್ಲದ ಆ ಅವಧಿಯಲ್ಲಿ ಜನ ಅದನ್ನು ತಮ್ಮದೇ ರೀತಿಯಲ್ಲಿ ಕಾಪಾಡಿಕೊಂಡಿದ್ದರು ಎಂಬುದೇ ನನಗೆ ಈ ಕಥೆಯ ಮುಖ್ಯ ಭಾಗ.

ಹಬ್ಬ ಜನವರಿಯ ಮೂರನೆಯ ಭಾನುವಾರ. ಅಂದಿನ ಕುಣಿತಕ್ಕೆ ಸಿನುಲೋಗ್ ಎಂದು ಹೆಸರು. ‘ಸುಲೋಗ್’ ಎಂದರೆ ನೀರಿನ ಸೆಳೆತ, ಅದರಂತೆಯೇ ಹೆಜ್ಜೆ ಎರಡು ಮುಂದೆ, ಒಂದು ಹಿಂದೆ. ಟಿವಿಯಲ್ಲಿ ತೋರಿಸುವ ಬಣ್ಣದ ಮೆರವಣಿಗೆಗಿಂತ ಹಳೆಯದೊಂದು ರೂಪ ವರ್ಷವಿಡೀ ಸೆಬುವಿನ ಸಾಂತೊ ನಿನ್ಯೊ ಬಸಿಲಿಕಾದ ಬಳಿ ಕಾಣಸಿಗುತ್ತದೆ. ಅಲ್ಲಿ ಮೇಣದಬತ್ತಿ ಮಾರುವ ಹೆಂಗಸರಿದ್ದಾರೆ. ನೀವು ಬತ್ತಿಗಳನ್ನು ಕೊಂಡು, ಯಾರಿಗಾಗಿ ಪ್ರಾರ್ಥನೆ ಎಂದು ಹೇಳಿದರೆ, ಆಕೆ ಆ ಬತ್ತಿಗಳನ್ನು ಕೈಯಲ್ಲಿ ಎತ್ತಿ ಹಿಡಿದು, ಹೆಸರನ್ನು ಮೆಲ್ಲಗೆ ಉಚ್ಚರಿಸುತ್ತ, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ನಿಮ್ಮ ಪರವಾಗಿ ಕುಣಿಯುತ್ತಾಳೆ. ಪ್ರಾರ್ಥನೆ ನಿಮ್ಮದು, ಕಾಲು ಅವಳದು.

ಪ್ರಶ್ನೆ: ಸೆಪ್ಟೆಂಬರ್ 8ಕ್ಕೆ ಸಂತ ಮರಿಯಮ್ಮನವರ ಬಸಿಲಿಕಾದಿಂದ ಹೊರಡುವ ಆರೋಗ್ಯ ಮಾತೆಯ ತೇರಿನಂಥದ್ದು ಅಲ್ಲಿ ಇದೆಯೇ?
— ಫ್ರೇಜರ್ ಟೌನ್‌ನ ಓದುಗರು

ಉತ್ತರ: ಅದಕ್ಕೂ ದೊಡ್ಡದಿದೆ. ಜನವರಿ 9ರಂದು ಮನಿಲಾದಲ್ಲಿ ಶಿಲುಬೆ ಹೊತ್ತ ಕಪ್ಪು ನಜರೇನನ, ಅಂದರೆ ನಜರೇತಿನ ಯೇಸುವಿನ, ಮೆರವಣಿಗೆ ನಡೆಯುತ್ತದೆ. ಮೆಕ್ಸಿಕೋದಿಂದ ತಂದ ಗಾಢ ಬಣ್ಣದ ಮರದ ಪ್ರತಿಮೆ ಅದು. 1787ರಲ್ಲಿ ಕೋಟೆಯೊಳಗಿನ ಚರ್ಚಿನಿಂದ ಕಿಯಾಪೊ ಬಡಾವಣೆಗೆ ಸ್ಥಳಾಂತರವಾದದ್ದರ ನೆನಪಿಗೆ ಈ ಮೆರವಣಿಗೆಯನ್ನು ತ್ರಾಸ್ಲಾಸಿಯೋನ್ ಎನ್ನುತ್ತಾರೆ. ಲಕ್ಷಾಂತರ ಭಕ್ತರು ಬರಿಗಾಲಲ್ಲಿ ಬರುತ್ತಾರೆ. ರಥಕ್ಕೆ ಕಟ್ಟಿದ ದಪ್ಪ ಹಗ್ಗಗಳನ್ನು ಮುಟ್ಟಿದರೆ ಸಾಕು ಎಂದು ಹೆಗಲ ಮೇಲೆ ಹೆಗಲು ಬಿದ್ದು ನುಗ್ಗುತ್ತಾರೆ. ನಾವು ತೇರಿಗೆ ಬಾಳೆಹಣ್ಣು, ದವನ ಎಸೆಯುವಂತೆ ಅವರು ಟವೆಲ್ ಎಸೆಯುತ್ತಾರೆ. ರಥದ ಮೇಲಿರುವವರು ಅದನ್ನು ಪ್ರತಿಮೆಗೆ ಒರೆಸಿ ಹಿಂದಕ್ಕೆ ಎಸೆಯುತ್ತಿದ್ದರು. ರೋಗಿಯ ಮೈಗೆ ಒರೆಸಲು ಆ ಟವೆಲ್ ಮನೆಯಲ್ಲಿ ಜೋಪಾನವಾಗಿರುತ್ತದೆ. 2024ರಿಂದ ಪ್ರತಿಮೆಯನ್ನು ಗಾಜಿನೊಳಗಿಟ್ಟು ಮೆರೆಸುತ್ತಿದ್ದಾರೆ. ರಥ ಕಿಯಾಪೊ ತಲುಪಲು ಇಪ್ಪತ್ತು ಗಂಟೆ ಹಿಡಿದ ವರ್ಷಗಳಿವೆ.

ಪ್ರಶ್ನೆ: ಶುಭ ಶುಕ್ರವಾರ ಅಲ್ಲಿ ಜನ ನಿಜವಾಗಿ ಮೊಳೆ ಹೊಡೆಸಿಕೊಂಡು ಶಿಲುಬೆಗೇರುತ್ತಾರೆಂದು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇನೆ. ಚರ್ಚು ಇದನ್ನು ಒಪ್ಪುತ್ತದೆಯೇ?
— ರಾಜಾಜಿನಗರದ ಓದುಗರು

ಉತ್ತರ: ಒಪ್ಪುವುದಿಲ್ಲ. ಪಂಪಾಂಗದ ಸಾನ್ ಪೆದ್ರೊ ಕುತುದ್ ಎಂಬಲ್ಲಿ 1960ರ ದಶಕದಿಂದ ಹರಕೆ ಹೊತ್ತ ಕೆಲವರು ಹೀಗೆ ಮಾಡುತ್ತ ಬಂದಿದ್ದಾರೆ. ಅಲ್ಲಿನ ಬಿಷಪರು ಪ್ರಾರ್ಥನೆ, ಉಪವಾಸ, ದಾನ ಸಾಕು ಎಂದು ಮತ್ತೆ ಮತ್ತೆ ಹೇಳಿದ್ದಾರೆ. ಕ್ಯಾಮೆರಾಗಳು ಅಲ್ಲಿಗೆ ಹೋಗುವುದರಿಂದ ನಮಗೆ ಅದಷ್ಟೇ ಕಾಣುತ್ತದೆ. ಕೋಟ್ಯಂತರ ಜನರ ಪವಿತ್ರ ವಾರ ಕಳೆಯುವುದು ಬೇರೆ ರೀತಿಯಲ್ಲಿ. ಗರಿಗಳ ಭಾನುವಾರ ತೆಂಗಿನ ಎಳೆಗರಿಯನ್ನು ಹೆಣೆದು ಆಶೀರ್ವದಿಸಿಕೊಂಡು ಬಾಗಿಲಿಗೆ ಸಿಕ್ಕಿಸುತ್ತಾರೆ. ಪವಿತ್ರ ಗುರುವಾರ ಏಳು ಚರ್ಚುಗಳನ್ನು ಸುತ್ತುತ್ತಾರೆ. ಯೇಸುವಿನ ಯಾತನೆಯ ಕಥೆಯನ್ನು ಹಗಲು ರಾತ್ರಿ ಸರದಿಯ ಮೇಲೆ ರಾಗವಾಗಿ ಓದುವ ಪಬಾಸ ನಡೆಯುತ್ತದೆ; ನಮ್ಮ ಗಮಕವನ್ನೂ ಅಖಂಡ ಭಜನೆಯನ್ನೂ ಒಟ್ಟಿಗೆ ಸೇರಿಸಿದ ಹಾಗೆ. ಓದಲು ಬಂದವರಿಗೆ ಊಟ, ತಿಂಡಿ, ಕಾಫಿ ಮನೆಯವರದ್ದೇ.

ನನ್ನ ಮಟ್ಟಿಗೆ ಇಡೀ ವಾರದ ಶಿಖರ ಪುನರುತ್ಥಾನದ ಭಾನುವಾರದ ನಸುಕು. ಆ ಹೊತ್ತಿನ ಆಚರಣೆಗೆ ಸಲುಬೋಂಗ್, ಅಂದರೆ ಎದುರುಗೊಳ್ಳುವುದು, ಎಂದು ಹೆಸರು. ಕತ್ತಲೆಯಲ್ಲೇ ಎರಡು ಮೆರವಣಿಗೆಗಳು ಬೇರೆ ಬೇರೆ ಬೀದಿಗಳಿಂದ ಹೊರಡುತ್ತವೆ: ಒಂದರಲ್ಲಿ ಗಂಡಸರು ಪುನರುತ್ಥಾನಗೊಂಡ ಕ್ರಿಸ್ತನ ಪ್ರತಿಮೆಯೊಡನೆ, ಇನ್ನೊಂದರಲ್ಲಿ ಹೆಂಗಸರು ಕಪ್ಪು ಮುಸುಕು ಹೊದಿಸಿದ ಮರಿಯಳ ಪ್ರತಿಮೆಯೊಡನೆ. ಚರ್ಚಿನ ಮುಂದೆ ಕಟ್ಟಿದ ಕಮಾನಿನ ಕೆಳಗೆ ಎರಡೂ ಎದುರಾಗುತ್ತವೆ. ದೇವದೂತಳ ವೇಷ ಹಾಕಿದ ಏಳೆಂಟು ವರ್ಷದ ಹುಡುಗಿಯನ್ನು ಕಮಾನಿನಿಂದ ಹಗ್ಗದಲ್ಲಿ ಕೆಳಗಿಳಿಸುತ್ತಾರೆ. ಅವಳು ಹಾಡುತ್ತ ಕೈ ಚಾಚಿ ತಾಯಿಯ ತಲೆಯ ಕಪ್ಪು ಮುಸುಕನ್ನು ತೆಗೆಯುತ್ತಾಳೆ. ಗಂಟೆಗಳು ಮೊಳಗುತ್ತವೆ, ಪಟಾಕಿ ಸಿಡಿಯುತ್ತದೆ. ಸತ್ತ ಮಗ ಎದ್ದು ಬಂದಾಗ ಮೊದಲು ತಾಯಿಯನ್ನು ಕಂಡ ಎಂದು ಶುಭಸಂದೇಶದ ಯಾವ ಪುಟದಲ್ಲೂ ಬರೆದಿಲ್ಲ. ಊರಿನ ಹೆಂಗಸರಿಗೆ ಅದನ್ನು ಬರೆದು ತೋರಿಸುವ ಅಗತ್ಯವೂ ಕಂಡಿಲ್ಲ.

ಪ್ರಶ್ನೆ: ನಮ್ಮ ಸಂಕ್ರಾಂತಿಯಂತೆ ರೈತರ ಹಬ್ಬ ಅವರಲ್ಲಿ ಉಂಟೇ?
— ಹೆಸರಘಟ್ಟದ ಓದುಗರು

ಉತ್ತರ: ಉಂಟು, ಮೇ ತಿಂಗಳಲ್ಲಿ. ಸ್ಪೇನ್‌ನ ರೈತಸಂತ ಇಸಿದ್ರೊ ಪ್ರಾರ್ಥನೆಯಲ್ಲಿ ಮುಳುಗಿದ್ದಾಗ ದೇವದೂತರು ಬಂದು ಅವನ ಹೊಲ ಉತ್ತರೆಂದು ಐತಿಹ್ಯ. ಅವನ ಹಬ್ಬವಾದ ಮೇ 15ರಂದು ಕೆಸೋನ್ ಪ್ರಾಂತದ ಲುಕ್ಬಾನ್ ಊರಿನವರು ಮನೆಯ ಮುಂಭಾಗವನ್ನೆಲ್ಲ ಭತ್ತದ ತೆನೆ, ತರಕಾರಿ, ಹಣ್ಣುಗಳಿಂದ ಮುಚ್ಚಿಬಿಡುತ್ತಾರೆ. ಜೊತೆಗೆ ಕಿಪಿಂಗ್ ಎಂಬ ಬಣ್ಣದ ಹಾಳೆಗಳನ್ನು ಗೊಂಚಲು ಗೊಂಚಲಾಗಿ ಇಳಿಬಿಡುತ್ತಾರೆ. ಕಿಪಿಂಗ್ ನಮ್ಮ ಅಕ್ಕಿ ಸಂಡಿಗೆಯ ದೂರದ ನೆಂಟ: ಅಕ್ಕಿಯ ಸಂಪಣವನ್ನು ಮರದ ಎಲೆಯ ಮೇಲೆ ತೆಳುವಾಗಿ ಸವರಿ, ಹಬೆಯಲ್ಲಿ ಬೇಯಿಸಿ, ಬಿಡಿಸಿ ಒಣಗಿಸಿದರೆ ಎಲೆಯ ನರನರವೂ ಅದರಲ್ಲಿ ಮೂಡಿರುತ್ತದೆ. ಹಬ್ಬ ಮುಗಿದ ಮೇಲೆ ಕರಿದು ತಿನ್ನಬಹುದು. ಮೆರವಣಿಗೆಯ ದಾರಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪ್ರತಿ ಬೀದಿಗೂ ಸರದಿ ಬರುತ್ತದೆ. ಅದರ ಹಿಂದಿನ ದಿನ ಬುಲಕಾನ್ ಪ್ರಾಂತದ ಪುಲಿಲಾನ್‌ನಲ್ಲಿ ಕೋಣಗಳನ್ನು ತೊಳೆದು ಸಿಂಗರಿಸಿ ಚರ್ಚಿನ ಮುಂದೆ ಮಂಡಿಯೂರಿಸುತ್ತಾರೆ. ಕಿಚ್ಚು ಹಾಯಿಸುವುದನ್ನು ನೋಡಿ ಬೆಳೆದವರಿಗೆ ಇದು ಸೌಮ್ಯವೆನಿಸೀತು.

ಪ್ರಶ್ನೆ: ಸಕಲ ಮೃತರ ದಿನ ನಾವು ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನಕ್ಕೆ ಹೋಗಿ ಸಮಾಧಿ ತೊಳೆದು, ಹೂವಿಟ್ಟು, ಬತ್ತಿ ಹಚ್ಚಿ ಬರುತ್ತೇವೆ. ಅವರು ಅಲ್ಲೇ ಊಟ ಮಾಡುತ್ತಾರಂತೆ, ಹೌದೇ?
— ಆಡುಗೋಡಿಯ ಓದುಗರು

ಉತ್ತರ: ಹೌದು, ಇಸ್ಪೀಟೂ ಆಡುವುದುಂಟು. ಅವರು ಉಂದಾಸ್ ಎಂದು ಕರೆಯುವ ಈ ಆಚರಣೆಗೆ ಜನ ಸೇರುವುದು ಹೆಚ್ಚಾಗಿ ನವೆಂಬರ್ 1ರಂದು, ಅಂದರೆ ಸಕಲ ಸಂತರ ಹಬ್ಬದ ದಿನವೇ. ಮೊಮ್ಮಕ್ಕಳು ಸಮೇತ ಇಡೀ ಸಂಸಾರ ಬುತ್ತಿ ಕಟ್ಟಿಕೊಂಡು ಹೋಗಿ, ಸಮಾಧಿಯ ಪಕ್ಕದಲ್ಲೇ ರಾತ್ರಿ ಕಳೆಯುವುದು ಹಳೆಯ ರೂಢಿ. ಅಗೌರವವೆಂದು ಅಲ್ಲಿ ಯಾರೂ ತಿಳಿಯುವುದಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಇಷ್ಟವಾದದ್ದನ್ನೇ ಎಡೆಗೆ ಬಡಿಸುವ ನಮ್ಮ ನೆರೆಹೊರೆಯವರಿಗೂ ಇದು ಅರ್ಥವಾಗದ ಮಾತಲ್ಲ.

ಪ್ರಶ್ನೆ: ಆ ನಸುಕಿನ ಪೂಜೆಯ ನಂತರ ತಿನ್ನುವ ಬಿಬಿಂಕ ಎಂಬ ತಿಂಡಿ ಗೋವಾದ ಬೆಬಿಂಕವೇ? ಮನೆಯಲ್ಲಿ ಮಾಡಬಹುದೇ?
— ಲಿಂಗರಾಜಪುರದ ಓದುಗರು

ಉತ್ತರ: ಹೆಸರು ಹತ್ತಿರ, ತಿಂಡಿ ದೂರ. ಗೋವಾದ್ದು ಮೈದಾ, ಮೊಟ್ಟೆಯ ಹಳದಿ ಮತ್ತು ತೆಂಗಿನಹಾಲಿನಲ್ಲಿ ಪದರ ಪದರವಾಗಿ ಬೇಯಿಸಿದ ಸಿಹಿ. ಅವರದ್ದು ಅಕ್ಕಿಹಿಟ್ಟು, ತೆಂಗಿನಹಾಲು, ಮೊಟ್ಟೆ, ಸಕ್ಕರೆ ಕಲಸಿ, ಬಾಳೆಎಲೆ ಹಾಸಿದ ಮಣ್ಣಿನ ಬಟ್ಟಲಿಗೆ ಸುರಿದು, ಕೆಳಗೂ ಕೆಂಡ, ಮೇಲಿನ ತಗಡಿನ ಮೇಲೂ ಕೆಂಡ ಇಟ್ಟು ಬೇಯಿಸುವ ಒಂದೇ ಪದರದ ದಪ್ಪ ರೊಟ್ಟಿ. ಮೇಲೆ ಉಪ್ಪಿನಲ್ಲಿಟ್ಟ ಮೊಟ್ಟೆಯ ಹೋಳು, ಬಿಳಿ ಗಿಣ್ಣು. ಇಳಿಸಿದ ಮೇಲೆ ಬೆಣ್ಣೆ, ಹಸಿ ತೆಂಗಿನತುರಿ. ಬೆಂಗಳೂರಿನ ಅಡುಗೆಮನೆಯಲ್ಲಿ ಓವನ್ ಸಾಕು. ಗಿಣ್ಣಿನ ಬದಲು ಪನೀರ್ ಹಾಕಿದರೆ ತಕರಾರಿಲ್ಲ. ಅಕ್ಕಿಯನ್ನು ರಾತ್ರಿ ನೆನೆಹಾಕಿ ರುಬ್ಬಿದರೆ ಅಂಗಡಿಯ ಹಿಟ್ಟಿಗಿಂತ ಮೃದುವಾಗುತ್ತದೆ. ಬಾಳೆಎಲೆಯನ್ನು ಮಾತ್ರ ಮೊದಲು ಒಲೆಯ ಉರಿಗೆ ಹಿಡಿದು ಬಾಡಿಸಿಕೊಳ್ಳಿ. ಇಲ್ಲವಾದರೆ ಪಾತ್ರೆಗೆ ಹಾಸುವಾಗ ಸೀಳಿ, ಹಿಟ್ಟೆಲ್ಲ ಅಡಿ ಹಿಡಿಯುತ್ತದೆ.