ದಿನಕ್ಕೆ 43 ಸಲ ಮುಟ್ಟಿದ ಗಂಟು

ಇದು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬೆನ್ನುನೋವು ಹೊತ್ತು ಬಂದ ಒಬ್ಬ ಹೆಂಗಸಿನ ಕಥೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಹೆಸರಿಲ್ಲ. ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಬಹುದಾ ಎಂದು ಕೇಳಿದಾಗ, "ಬರೀರಿ, ನನ್ನ ಹಾಗೆ ಬೆನ್ನು ಹಿಡಿದುಕೊಂಡು ಕೂತವರು ಎಷ್ಟು ಜನ ಉಂಟೋ" ಎಂದರು. ಎದುರಿಗೆ ಅಕ್ಕ ಎನ್ನುತ್ತಿದ್ದೆ. ಇಲ್ಲೂ ಹಾಗೇ ಕರೆಯುತ್ತೇನೆ.

ಅಕ್ಕನಿಗೆ 46 ವರ್ಷ. ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿದರೆ ಅವರ ಮನೆ. ಮದುವೆಗೆ ಮೊದಲಿನಿಂದಲೂ ಬೀಡಿ ಕಟ್ಟುತ್ತಾರೆ. ಗಂಡನಿಗೆ ಟ್ರಾಲ್ ಬೋಟಿನಲ್ಲಿ ಕೆಲಸ. ದಕ್ಕೆಯಿಂದ (ಮೀನುಗಾರಿಕೆ ಬಂದರಿನಿಂದ) ಹೊರಟರೆ ಎಂಟು ಹತ್ತು ದಿನ ಕಡಲಲ್ಲೇ. ಮಗಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದವರು ಅತ್ತೆ. ಅವರು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ.

ಮೇ ತಿಂಗಳ ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಇವರನ್ನು ನನ್ನ ಹತ್ತಿರ ಕಳಿಸಿದರು. ಕುರ್ಚಿಯಲ್ಲಿ ಕೂರುವ ಮೊದಲೇ ಅಕ್ಕ ಹೇಳಿದ್ದು ಇಷ್ಟು: "ನನ್ನ ತಲೆ ಸರಿ ಉಂಟು. ತೊಂದರೆ ಬೆನ್ನಿಗೆ."

ಎಡಗಡೆ ಹೆಗಲ ಮೂಳೆಗೂ ಬೆನ್ನುಮೂಳೆಗೂ ನಡುವೆ ಒಂದು ಗಂಟು. ಅದೇ ಬದಿಯ ಹೆಗಲ ಮೇಲೆ, ಬ್ಯಾಗಿನ ಪಟ್ಟಿ ಕೂರುವ ಜಾಗದಲ್ಲಿ ಇನ್ನೊಂದು. ಮೂರು ವರ್ಷದ ನೋವು. ಎಕ್ಸ್‌ರೇ ಆಯಿತು, ಎಂಆರ್‌ಐ ಆಯಿತು. ವಯಸ್ಸಿಗೆ ತಕ್ಕ ಸವೆತ ಬಿಟ್ಟರೆ ಏನೂ ಸಿಗಲಿಲ್ಲ. ಒಂದು ಕಡೆ ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲೆ ಸರಿಸಿ, "ಏನೂ ಇಲ್ಲಮ್ಮ, ಟೆನ್ಶನ್ ಅಷ್ಟೆ" ಎಂದರಂತೆ. ಆ ಮಾತು ಅಕ್ಕನಿಗೆ ಎಷ್ಟು ಚುಚ್ಚಿತ್ತು ಅಂದರೆ, ಅದನ್ನು ಹೇಳುವಾಗಲೂ ಎಡ ಹೆಗಲು ಮೇಲೆ ಹೋಗಿ ಕಿವಿಯ ಹತ್ತಿರ ನಿಂತಿತು. ಅವರಿಗೆ ಗೊತ್ತೇ ಆಗಲಿಲ್ಲ.

"ಮನಸ್ಸಿನ ಗಂಟು ಬಿಚ್ಚಿದರೆ ಬೆನ್ನಿನ ಗಂಟೂ ಬಿಚ್ಚುತ್ತದೆ" ಎಂದು ನನ್ನ ವೃತ್ತಿಯವರೇ ಕೆಲವರು ಹೇಳುವುದುಂಟು. ನನಗೆ ಅದು ಇಷ್ಟವಿಲ್ಲ. ಕೇಳಲು ಚಂದ, ಆದರೆ ದಿನಕ್ಕೆ ಏಳು ಗಂಟೆ ತಲೆ ಬಗ್ಗಿಸಿ ಕೂರುವವರ ಸ್ನಾಯು ಮನಸ್ಸಿನಿಂದಲೇ ಬಿಗಿಯಾಯಿತು ಎನ್ನುವುದು ಅನ್ಯಾಯ ಅಲ್ವಾ? ಹಾಗಾಗಿ ಮೊದಲ ದಿನ ಟೆನ್ಶನ್ ಎಂಬ ಶಬ್ದವನ್ನೇ ಎತ್ತಲಿಲ್ಲ. ಒಂದು ಲೀಟರಿನ ನೀರಿನ ಬಾಟಲಿ ಕೊಟ್ಟು, ಕೈ ನೀಟಾಗಿ ಮುಂದೆ ಚಾಚಿ ಹಿಡಿಯಿರಿ ಎಂದೆ. ಸ್ವಲ್ಪ ಹೊತ್ತಿಗೇ ಕೈ ನಡುಗಿತು, ಹೆಗಲು ಉರಿಯತೊಡಗಿತು.

"ಬಾಟಲಿಯ ಭಾರ ಜಾಸ್ತಿ ಆಯ್ತಾ ಅಕ್ಕ?"

"ಇಲ್ಲ, ಕೈ ಸೋತದ್ದು."

ನಮ್ಮ ತಲೆ ಸುಮಾರು ಐದು ಕಿಲೋ ತೂಗುತ್ತದೆ. ಮಡಿಲಲ್ಲಿ ತಡ್ಪೆ (ಬೀಡಿ ಕಟ್ಟುವ ಮೊರ) ಇಟ್ಟುಕೊಂಡು ಬಗ್ಗಿದಾಗ ಅದನ್ನು ಹಿಂದಿನಿಂದ ಹಿಡಿದು ನಿಲ್ಲಿಸುವುದು ಕುತ್ತಿಗೆ, ಹೆಗಲು, ಮೇಲ್ಬೆನ್ನಿನ ಸ್ನಾಯುಗಳು. ಬಿಡುವಿಲ್ಲದೆ ದುಡಿದ ಸ್ನಾಯುವಿನಲ್ಲಿ ಒಂದು ಎಳೆ ಬಿಗಿಯಾಗಿಯೇ ಉಳಿಯುತ್ತದೆ. ಮುಟ್ಟಿದರೆ ಗಟ್ಟಿ, ಒತ್ತಿದರೆ ನೋವು. ಇದಕ್ಕೆ ಟ್ರಿಗರ್ ಪಾಯಿಂಟ್ ಎಂಬ ಹೆಸರನ್ನು ವೈದ್ಯರ ನಡುವೆ ಬಳಕೆಗೆ ತಂದವರಲ್ಲಿ ಜಾನೆಟ್ ಟ್ರಾವೆಲ್ ಮುಖ್ಯರು. ಅಮೆರಿಕದ ಅಧ್ಯಕ್ಷ ಕೆನಡಿಯ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟ ವೈದ್ಯೆ. ಗಂಟಿನ ಒಳಗೆ ನಿಜವಾಗಿ ಏನಾಗುತ್ತದೆ ಎಂಬುದರ ಬಗ್ಗೆ ತಜ್ಞರಲ್ಲಿ ಇನ್ನೂ ವಾದ ಇದೆ. ಆದರೆ ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ. ಕಾಣಲಿಲ್ಲ ಎಂದರೆ ನೋವಿಲ್ಲ ಎಂದಲ್ಲ. ಹೆಗಲ ಮೇಲಿನ ಗಂಟಿನ ನೋವು ಕುತ್ತಿಗೆಯ ಬದಿಯಿಂದ ಹತ್ತಿ ಕಿವಿಯ ಹಿಂದೆ, ಕಣತಲೆಯ ತನಕ ಹೋಗುತ್ತದೆ ಎಂದಾಗ ಅಕ್ಕ ಕಣ್ಣರಳಿಸಿದರು. ಎಡಗಡೆಯ ತಲೆನೋವಿಗೆಂದು ಕನ್ನಡಕ ಬದಲಿಸಿದ್ದರು, ಆ ಖರ್ಚು ಬೇರೆ.

ಆಮೇಲೆ ಅವರು ಮಾಡುತ್ತಿದ್ದ ಮದ್ದಿನ ಕಥೆ. ಪಕ್ಕದ ಮನೆಯವರ ಹತ್ತಿರ ಎಣ್ಣೆ ಹಾಕಿ ಮೊಣಕೈಯಿಂದ ತಿಕ್ಕಿಸಿದ್ದು, ಬಾಗಿಲ ಚೌಕಟ್ಟಿನ ಮೂಲೆಗೆ ಬೆನ್ನು ಕೊಟ್ಟು ಒತ್ತಿದ್ದು. ಕೊನೆಗೆ ಲಟ್ಟಣಿಗೆ. ಅದನ್ನು ಗೋಡೆಗೂ ಬೆನ್ನಿಗೂ ನಡುವೆ ಸಿಕ್ಕಿಸಿ, ಕಣ್ಣಲ್ಲಿ ನೀರು ಬರುವಷ್ಟು ಉರುಳಿಸುವುದು. ಫಿಸಿಯೋಥೆರಪಿಸ್ಟ್ ಚೀಟಿಯಲ್ಲಿ ಬರೆದಿದ್ದರು: ಗಂಟಿನ ಸುತ್ತ ಚರ್ಮ ನೀಲಿಗಟ್ಟಿದೆ.

"ಇಷ್ಟು ಗಟ್ಟಿ ಯಾಕೆ ಒತ್ತುತ್ತೀರಿ?"

"ಕರಗಬೇಕಲ್ಲ."

"ಮುಟ್ಟಿ ಮುಟ್ಟಿಯೂ ನೋಡುತ್ತೀರಾ?"

ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ದೊಡ್ಡದಾಗಿದೆಯಾ ಅಂತ ನೋಡುವುದು" ಎಂದರು.

ನನಗೆ ಆಗ ಹೊಳೆಯಿತು. ಅಷ್ಟು ಹೊತ್ತು ನಾನು ಗಂಟು ಎಂದರೆ ಹಗ್ಗದ ಗಂಟು ಎಂದುಕೊಂಡು ಮಾತಾಡುತ್ತಿದ್ದೆ. ಅಕ್ಕನಿಗೆ ಗಂಟು ಎಂದರೆ ಗಡ್ಡೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ. ಅವರ ಜೊತೆ ಬೀಡಿ ಕಟ್ಟುತ್ತಿದ್ದ ಒಬ್ಬರು ಸ್ತನದಲ್ಲಿ ಗಂಟಾಗಿ ತೀರಿಕೊಂಡಿದ್ದರು. ದಿನವೂ ಹೊಗೆಸೊಪ್ಪಿನ ಪುಡಿಯಲ್ಲಿ ಕೈ ಆಡಿಸುವ ತನಗೂ ಅದೇ ಬಂದಿದೆ ಎಂದು ಮೂರು ವರ್ಷದಿಂದ ಒಳಗೊಳಗೇ ನಂಬಿದ್ದರು. ಯಾವ ಡಾಕ್ಟರ ಹತ್ತಿರವೂ ಕೇಳಿರಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟರೆ?

ಇಂಥ ಭಯಕ್ಕೆ "ಹಾಗೆಲ್ಲ ಏನೂ ಇಲ್ಲ ಬಿಡಿ" ಎಂದು ನಾನು ಹೇಳಬಾರದು, ನಾನು ಡಾಕ್ಟರಲ್ಲ. ಒಂದು ಕಾಗದದಲ್ಲಿ ಅವರ ಪ್ರಶ್ನೆಯನ್ನು ಅವರ ಮಾತಲ್ಲೇ ಬರೆಸಿದೆ: "ಇದು ಕ್ಯಾನ್ಸರ್ ಗಡ್ಡೆಯಾ, ಸ್ನಾಯುವಿನ ಗಂಟಾ?" ಡಾಕ್ಟರ ಎದುರು ಬಾಯಿ ಬರದಿದ್ದರೆ ಕಾಗದ ಕೊಡಿ ಎಂದೆ. ಜೊತೆಗೆ ನಾನು ಎಲ್ಲರಿಗೂ ಕೇಳುವುದನ್ನು ಕೇಳಿದೆ. ಕೈಯಲ್ಲಿ ಜೋಮು ಇದೆಯಾ, ಹಿಡಿತ ಸಡಿಲವಾಗಿದೆಯಾ? ಜ್ವರ, ಕಾರಣವಿಲ್ಲದೆ ತೂಕ ಇಳಿದದ್ದು, ಯಾವ ಮಗ್ಗುಲಿಗೆ ಮಲಗಿದರೂ ಬಿಡದ ರಾತ್ರಿ ನೋವು? ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಬಿಗಿತ, ಬೆವರು, ಉಸಿರು ಕಟ್ಟುವುದು? ಹೆಂಗಸರಲ್ಲಿ ಹೃದಯದ ತೊಂದರೆ ಕೆಲವೊಮ್ಮೆ ಬೆನ್ನು, ಹೆಗಲಿನ ನೋವಾಗಿಯೇ ಬರುತ್ತದೆ. ಇವುಗಳಲ್ಲಿ ಒಂದಿದ್ದರೂ ನನ್ನ ಕೋಣೆಯಲ್ಲಿ ಕೂರುವುದಲ್ಲ, ಆಸ್ಪತ್ರೆಗೆ ಓಡುವುದು. ಅಕ್ಕನಿಗೆ ಯಾವುದೂ ಇರಲಿಲ್ಲ. ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುತ್ತಿದ್ದ ನೋವಿನ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ ಎಂದೆ. ಅವು ತಿಂಗಳುಗಟ್ಟಲೆ ತಿನ್ನುವ ವಸ್ತುವಲ್ಲ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು.

ಡಾಕ್ಟರು ಕಾಗದ ಓದಿ, ಕೈಯಿಂದ ಸರಿಯಾಗಿ ಪರೀಕ್ಷೆ ಮಾಡಿ, ಅದರ ಕೆಳಗೇ ಬರೆದುಕೊಟ್ಟರು: ಸ್ನಾಯುವಿನ ಗಂಟು, ಗಡ್ಡೆ ಅಲ್ಲ. ಅಕ್ಕ ಆ ಕಾಗದವನ್ನು ಮಡಚಿ ಮೊಬೈಲ್ ಕವರಿನೊಳಗೆ ಇಟ್ಟುಕೊಂಡಿದ್ದಾರೆ.

ಭಯ ಹೋಯಿತು, ಆದರೆ ಕೈಗೆ ಅಭ್ಯಾಸ ಆಗಿತ್ತು. ಎಷ್ಟು ಸಲ ಮುಟ್ಟುತ್ತೀರಿ ಎಂದರೆ "ಎರಡು ಮೂರು ಸಲ" ಎಂದರು. ಒಂದು ದಿನ ಲೆಕ್ಕ ಇಡಿ, ಮುಟ್ಟಿದಾಗೆಲ್ಲ ಒಂದು ಹುಣಸೆ ಬೀಜ ಡಬ್ಬಿಗೆ ಹಾಕಿ ಎಂದೆ. ಮುಂದಿನ ವಾರ ಡಬ್ಬಿಯನ್ನೇ ತಂದು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. 43 ಬೀಜ. ಇಬ್ಬರೂ ನಕ್ಕೆವು. ಯಾವ ಜಾಗವನ್ನಾದರೂ ದಿನಕ್ಕೆ 43 ಸಲ ಬೆರಳಿನಿಂದ ಕುಟ್ಟಿದರೆ ಅದು ನೋಯದೆ ಇನ್ನೇನು ಮಾಡುತ್ತದೆ? ಅಲ್ಲೇನೋ ಅಪಾಯ ಇದೆ ಎಂದು ನಾವೇ ಮತ್ತೆ ಮತ್ತೆ ಮೆದುಳಿಗೆ ವರದಿ ಕೊಟ್ಟ ಹಾಗೆ. ಮೆದುಳು ಆ ಜಾಗಕ್ಕೆ ಇನ್ನಷ್ಟು ಕಾವಲು ಹಾಕುತ್ತದೆ. ಹೆಗಲು ಎತ್ತಿಕೊಳ್ಳುವುದೂ ಆ ಕಾವಲಿನದ್ದೇ ಭಾಗ.

ಮುಟ್ಟಲೇಬೇಡಿ ಎಂದರೆ ಆಗುವ ಮಾತಲ್ಲ. ಬೆಳಗ್ಗೆ ಒಮ್ಮೆ, ಮಲಗುವಾಗ ಒಮ್ಮೆ ಎಂದು ಒಪ್ಪಂದ ಮಾಡಿಕೊಂಡೆವು. ನಡುವೆ ಕೈ ಹೋದರೆ ಬೈದುಕೊಳ್ಳುವುದು ಬೇಡ. ಆ ಕೈಯನ್ನು ಹಾಗೇ ಇಳಿಸಿ ತೊಡೆಯ ಮೇಲಿಟ್ಟು, ಹೆಗಲು ಬಿಟ್ಟು, ಹೊಟ್ಟೆ ಉಬ್ಬುವ ಹಾಗೆ ಮೂರು ಉಸಿರು ನಿಧಾನಕ್ಕೆ ಎಳೆದು ಬಿಡಬೇಕು. ಮೂರೇ. ಮೊದಲು ನಾನು ದಿನಕ್ಕೆ 20 ನಿಮಿಷ ಪ್ರಾಣಾಯಾಮ ಹೇಳಿದ್ದೆ. "ಅಷ್ಟು ಹೊತ್ತಿಗೆ ನಲವತ್ತು ಬೀಡಿ ಆಗುತ್ತದೆ ಮೇಡಂ" ಎಂದಿದ್ದರು. ತಪ್ಪು ನನ್ನದೇ. ಎಣಿಸಿ ಕೂಲಿ ಪಡೆಯುವವರಿಗೆ ಪುರುಸೊತ್ತಿನ ಮದ್ದು ಹೇಳಬಾರದು.

ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ ಎಂದದ್ದಕ್ಕೂ ಅದೇ ಗತಿ. ಕೆಲಸದ ಗುಂಗಿನಲ್ಲಿ ಗಡಿಯಾರ ಯಾರು ನೋಡುತ್ತಾರೆ? ಅಲಾರಂ ಇಟ್ಟರೆ ಅತ್ತೆಗೆ ಎಚ್ಚರ. ಇದಕ್ಕೆ ದಾರಿ ಕಂಡುಕೊಂಡವರು ಅಕ್ಕನೇ. ನೆನೆಸಿ ಕತ್ತರಿಸಿದ ಎಲೆಯನ್ನೆಲ್ಲ ಮೊದಲು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಈಗ ತಡ್ಪೆಗೆ ಐವತ್ತು ಅರವತ್ತು ಬೀಡಿಗಾಗುವಷ್ಟು ಮಾತ್ರ. ಉಳಿದದ್ದು ಒದ್ದೆ ಬಟ್ಟೆ ಸುತ್ತಿ ಅಡುಗೆಮನೆಯ ಎತ್ತರದ ಶೆಲ್ಫಿನಲ್ಲಿ. ಎಲೆ ಮುಗಿದರೆ ಎದ್ದು, ನಡೆದು, ಕೈ ಮೇಲೆತ್ತಿ ತರಲೇಬೇಕು. ನಾನು ಇದನ್ನು ಈಗ ಎಂಬ್ರಾಯ್ಡರಿ ಮಾಡುವವರಿಗೂ ಹೇಳುತ್ತೇನೆ, ದಾರದ ಡಬ್ಬಿ ದೂರ ಇಡಿ ಎಂದು.

ಕೂರುವ ರೀತಿಯಲ್ಲಿ ಜಾಸ್ತಿ ಬದಲಾವಣೆ ಆಗಲಿಲ್ಲ. ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಕಟ್ಟಿ ನೋಡಿದರು, ಕೈ ಓಡಲಿಲ್ಲ, ದಿನದ ಲೆಕ್ಕ ಬಿದ್ದುಹೋಯಿತು. ಕೊನೆಗೆ ಗೋಡೆಗೆ ಒರಗಿ, ಮಡಿಲಲ್ಲಿ ಮಡಚಿದ ಹೊದಿಕೆ ಹಾಕಿ ಅದರ ಮೇಲೆ ತಡ್ಪೆ. ನಾಲ್ಕು ಬೆರಳು ಎತ್ತರವಾಯಿತು. ಕುತ್ತಿಗೆ ಅಷ್ಟು ಕಡಿಮೆ ಬಗ್ಗುತ್ತದೆ, ಸಾಕು.

ಲಟ್ಟಣಿಗೆಯ ಬದಲು, ಪಕ್ಕದ ಮನೆಯ ಹುಡುಗ ಬಿಟ್ಟುಕೊಟ್ಟ ಹಳೇ ಟೆನಿಸ್ ಚೆಂಡು. ಕಾಲುಚೀಲದೊಳಗೆ ಹಾಕಿ ಹೆಗಲ ಮೇಲಿಂದ ಇಳಿಬಿಟ್ಟು, ಗೋಡೆಗೆ ಒರಗಿ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಬೆನ್ನುಮೂಳೆಯ ಮೇಲೆ ಒತ್ತಬಾರದು, ಪಕ್ಕದ ಮಾಂಸದ ಮೇಲೆ ಮಾತ್ರ. ಎಷ್ಟು ಒತ್ತಬೇಕು? "ಆಹಾ" ಎನ್ನುವಷ್ಟು, "ಅಮ್ಮಾ" ಎನ್ನುವಷ್ಟಲ್ಲ. ಮರುದಿನ ಆ ಜಾಗ ನೀಲಿಯಾದರೆ, ನೋವು ಏರಿದರೆ ಹಿಂದಿನ ದಿನ ಜಾಸ್ತಿ ಒತ್ತಿದ್ದೀರಿ ಎಂದೇ ಲೆಕ್ಕ. ಸಂಜೆ ಹಂಡೆಯ ಬಿಸಿನೀರನ್ನು ಹೆಗಲಿಗೆ ಚೆಂಬಿನಲ್ಲಿ ನಿಧಾನಕ್ಕೆ ಹೊಯ್ಯುವುದು ಅವರಿಗೆ ಮೊದಲೇ ಗೊತ್ತಿತ್ತು, ಮುಂದುವರಿಸಿ ಎಂದೆ. ಇವೆಲ್ಲ ತಾತ್ಕಾಲಿಕ ಹಿತ. ಬಹಳ ದಿನಕ್ಕೆ ಉಪಕಾರಕ್ಕೆ ಬರುವುದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ: ಕಿಟಕಿ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಮೊಣಕೈ ಹಿಂದಕ್ಕೆ ಎಳೆಯುವುದು, ಗೋಡೆಗೆ ಕೈ ತಾಗಿಸಿ ಮೇಲೆ ಕೆಳಗೆ ಜಾರಿಸುವುದು. ನೋವು ಬಂದ ಮೇಲೆ ಅಕ್ಕ ಬಾವಿಯಿಂದ ನೀರು ಸೇದುವುದನ್ನೂ, ಗುಡಿಸುವುದನ್ನೂ ಬಿಟ್ಟು ಬೀಡಿ ಒಂದನ್ನೇ ಉಳಿಸಿಕೊಂಡಿದ್ದರು. ರೆಸ್ಟ್ ಎಂದುಕೊಂಡದ್ದು ಬೆನ್ನನ್ನು ಇನ್ನೂ ಬಡವಾಗಿಸಿತ್ತು.

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗಂಡ ಮನೆಯಲ್ಲಿದ್ದರು. ಒಂದು ದಿನ ಅವರನ್ನೂ ಕರೆಸಿದೆ. ಮಳೆಯಲ್ಲಿ ನೆನೆದು ಬಂದು, ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತರು. ಅತ್ತೆಯನ್ನು ರಾತ್ರಿ ಯಾರು ಎಬ್ಬಿಸುತ್ತಾರೆ ಎಂದು ಕೇಳಿದೆ. "ಇವಳೇ." ಎಷ್ಟು ಸಲ? ಅವರು ಹೆಂಡತಿಯ ಮುಖ ನೋಡಿದರು. ಅಕ್ಕ "ಮೂರು, ಕೆಲವೊಮ್ಮೆ ನಾಲ್ಕು" ಎಂದರು. ಎರಡೂ ಕಂಕುಳಿಗೆ ಕೈ ಹಾಕಿ ಎಳೆದು ಎತ್ತುವುದು, ನಿದ್ದೆಗಣ್ಣಿನಲ್ಲಿ. ನಾನು ಭಾಷಣ ಮಾಡಲಿಲ್ಲ. ಈ ಎರಡು ತಿಂಗಳು ರಾತ್ರಿ ಪಾಳಿ ನಿಮ್ಮದಾಗಬಹುದಾ ಎಂದಷ್ಟೇ ಕೇಳಿದೆ. "ಬೋಟಿನಲ್ಲಿ ರಾತ್ರಿ ಎಚ್ಚರ ಇರುವುದು ಅಭ್ಯಾಸ ಉಂಟು" ಎಂದರು. ಮಗ್ಗುಲಿಗೆ ಹೊರಳಿಸಿ, ಮೊದಲು ಕಾಲು ಇಳಿಸಿ, ಆಮೇಲೆ ಕೂರಿಸುವ ಕ್ರಮವನ್ನು ಫಿಸಿಯೋಥೆರಪಿಸ್ಟ್ ಇಬ್ಬರಿಗೂ ಕಲಿಸಿದರು. ಹಾಸಿಗೆಯ ಪಕ್ಕಕ್ಕೆ ಒಂದು ಕಮೋಡ್ ಕುರ್ಚಿ ಬಂತು.

ಜುಲೈ ಮಧ್ಯದಲ್ಲಿ ಅಕ್ಕ ಹೇಳಿದ ನೋವಿನ ಅಂಕ ಹತ್ತರಲ್ಲಿ ಮೂರು. ಮೊದಲ ದಿನ ಎಂಟು ಎಂದಿದ್ದರು. ಡಬ್ಬಿಯಲ್ಲಿ ಬೀಜ ಐದು. ಗಂಟು ಹೋಗಿರಲಿಲ್ಲ, ಮುಟ್ಟಿದರೆ ಸಿಗುತ್ತಿತ್ತು. ಮುಟ್ಟುವುದು ನೆನಪಾಗುತ್ತಿರಲಿಲ್ಲ ಅಷ್ಟೆ.

ಆಗಸ್ಟ್‌ನಲ್ಲಿ ಬೋಟು ಹೊರಟಿತು. ಎರಡನೇ ವಾರವೇ ಫೋನು: "ಮೇಡಂ, ಪುನಃ ಆರಕ್ಕೆ ಬಂತು." ಗಾಬರಿ ಆಯ್ತಾ ಎಂದೆ. "ಇಲ್ಲ, ಅದೇ ಹಳೇ ಗಂಟು. ನಿದ್ದೆ ಇಲ್ಲ, ಅದಕ್ಕೆ." ಲಟ್ಟಣಿಗೆ ತೆಗೆದಿರಾ ಎಂದೆ. "ಒಂದು ದಿನ ತೆಗೆದೆ" ಎಂದು ಒಪ್ಪಿಕೊಂಡರು.

ಈಗ ಮಂಗಳವಾರ ಮತ್ತು ಶುಕ್ರವಾರ ರಾತ್ರಿ ನಾದಿನಿ ಬಂದು ಉಳಿಯುತ್ತಾರೆ. ಸುಲಭಕ್ಕೆ ಆದದ್ದಲ್ಲ, ಕೇಳುವುದಕ್ಕೇ ಅಕ್ಕನಿಗೆ ಮೂರು ವಾರ ಬೇಕಾಯಿತು. ಏನು ಹೇಳಬೇಕು ಎಂದು ನನ್ನ ಕೋಣೆಯಲ್ಲಿ ಎರಡು ಸಲ ಹೇಳಿ ನೋಡಿದರು. "ನನಗೆ ಆಗುವುದಿಲ್ಲ" ಎಂಬಲ್ಲಿಗೆ ಬಂದಾಗ ಎರಡೂ ಸಲ ಹೆಗಲು ಕಿವಿಗೆ ಹೋಯಿತು. ಎರಡನೇ ಸಲ ಅವರಿಗೇ ಗೊತ್ತಾಗಿ ಇಳಿಸಿಕೊಂಡರು. ಉಳಿದ ಐದು ರಾತ್ರಿಗೆ ಇನ್ನೂ ದಾರಿ ಆಗಿಲ್ಲ. ತಿಂಗಳಿಗೆ ಎಷ್ಟು ಕೊಟ್ಟರೆ ಪಕ್ಕದ ಮನೆಯವರು ಬರಬಹುದು ಎಂದು ಮಗಳ ಹತ್ತಿರ ಮಾತಾಡುತ್ತಾರಂತೆ. ಮುಂದಿನ ಭೇಟಿ ಹದಿನೈದು ದಿನ ಬಿಟ್ಟು, ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬರುವ ದಿನ.