ಓನೀಲ್‌ಗೆ ಮಾತು ಬರುತ್ತಿರಲಿಲ್ಲವೇ?

ಇಂಗ್ಲಿಷ್ ಎಂ.ಎ. ತರಗತಿಗೆ ಪಠ್ಯವಾಗಿರುವ 'ದಿ ಹೇರಿ ಏಪ್' ಓದಿ ನಿರಾಶೆಯಾಯಿತೆಂದು ಬರೆದಿದ್ದೀರಿ. ಯೂಜೀನ್ ಓನೀಲ್‌ನ ಸಂಭಾಷಣೆ ಒರಟು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾನೆ ಎಂದು ಹೆಸರಾಂತ ವಿಮರ್ಶಕರೇ ದೂರಿರುವಾಗ ಅವನನ್ನು ಅಮೆರಿಕದ ಅತಿ ದೊಡ್ಡ ನಾಟಕಕಾರನೆಂದು ಕರೆಯುವುದೇಕೆ, ಅವನ ಯಾವ ನಾಟಕವನ್ನು ಮೊದಲು ಓದಬೇಕು ಎಂದೂ ಕೇಳಿದ್ದೀರಿ. ಅಮೆರಿಕನ್ ಸಾಹಿತ್ಯವನ್ನು ಹಲವು ವರ್ಷ ಪಾಠ ಮಾಡಿರುವ ನಾನು ನಿಮ್ಮ ಆಕ್ಷೇಪವನ್ನು ತಳ್ಳಿಹಾಕುವುದಿಲ್ಲ. ಓನೀಲ್‌ಗೆ ಮಾತು ಸುಲಭವಾಗಿ ಒಲಿದಿರಲಿಲ್ಲ ಎಂಬುದು ನಿಜ, ಅದು ಅವನಿಗೂ ಗೊತ್ತಿತ್ತು. ಈ ಕೊರತೆಯನ್ನು ಮುಚ್ಚಲು ಅವನು ಸುಮಾರು ಇಪ್ಪತ್ತು ವರ್ಷ ನಾನಾ ಉಪಾಯಗಳನ್ನು ಹೂಡಿದ. ಕೊನೆಗೆ ಮುಚ್ಚುವುದನ್ನು ಬಿಟ್ಟು ಆ ಕೊರತೆಯನ್ನೇ ನಾಟಕದ ವಸ್ತುವನ್ನಾಗಿ ಮಾಡಿಕೊಂಡಾಗ ಅವನ ಶ್ರೇಷ್ಠ ಕೃತಿಗಳು ಹುಟ್ಟಿದವು ಎಂಬುದು ನನ್ನ ತಿಳಿವಳಿಕೆ.

ಅವನು ಹುಟ್ಟಿದ್ದು 1888ರಲ್ಲಿ, ನ್ಯೂಯಾರ್ಕಿನಲ್ಲಿ ನಾಟಕಮಂದಿರಗಳಿಗೆ ಹೆಸರಾದ ಬ್ರಾಡ್‌ವೇ ರಸ್ತೆಯ ಒಂದು ಹೋಟೆಲಿನ ಕೋಣೆಯಲ್ಲಿ. ಐರ್ಲೆಂಡಿನಿಂದ ವಲಸೆ ಬಂದು ನಟನಾಗಿದ್ದ ತಂದೆ ಜೇಮ್ಸ್ ಓನೀಲ್, ಡ್ಯೂಮಾನ ಕಾದಂಬರಿಯನ್ನು ಆಧರಿಸಿದ ನಾಟಕದಲ್ಲಿ ಮಾಂಟೆ ಕ್ರಿಸ್ಟೊ ಕೌಂಟನ ಒಂದೇ ಪಾತ್ರವನ್ನು ಊರೂರು ತಿರುಗಿ ಸಾವಿರಾರು ಸಲ ಅಭಿನಯಿಸಿ ಹಣ ಮಾಡಿದವನು. ಯೂಜೀನನ ಹೆರಿಗೆಯ ನಂತರ ತಾಯಿ ಎಲಾಗೆ ಮಾರ್ಫಿನ್ ಚಟ ಅಂಟಿಕೊಂಡಿತು. ಅಣ್ಣ ಜೇಮಿ ಕುಡಿತದಲ್ಲಿ ಕಳೆದುಹೋದ. ಯೂಜೀನ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಿ ಬಿಟ್ಟು ಹಡಗಿನಲ್ಲಿ ಕೂಲಿ ಮಾಡಿದ, ಬ್ಯೂನಸ್ ಐರಿಸ್‌ನಲ್ಲಿ ಅಲೆದ, ನ್ಯೂಯಾರ್ಕಿನ ಬಂದರು ಕೇರಿಯ ಹೆಂಡದಂಗಡಿಯೊಂದರ ಮೇಲಿನ ಕೋಣೆಯಲ್ಲಿ ಬದುಕಿದ, 1912ರಲ್ಲಿ ಆತ್ಮಹತ್ಯೆಗೂ ಯತ್ನಿಸಿದ. ಅದೇ ವರ್ಷದ ಕೊನೆಗೆ ಕ್ಷಯ ತಗಲಿ ಆರೋಗ್ಯಧಾಮ ಸೇರಿದವನು ಅಲ್ಲಿ ಮಲಗಿದ್ದಾಗಲೇ ನಾಟಕಕಾರನಾಗುವ ನಿರ್ಧಾರ ಮಾಡಿದ. 1916ರಲ್ಲಿ ಮ್ಯಾಸಚುಸೆಟ್ಸ್‌ನ ಪ್ರಾವಿನ್ಸ್‌ಟೌನ್ ಎಂಬ ಕಡಲತೀರದ ಊರಿನಲ್ಲಿ, ಹಳೆಯ ಹಡಗುಕಟ್ಟೆಯ ಮೇಲಿನ ಪುಟ್ಟ ರಂಗಮಂದಿರದಲ್ಲಿ, ಹವ್ಯಾಸಿಗಳ ತಂಡವೊಂದು ಅವನ 'ಬೌಂಡ್ ಈಸ್ಟ್ ಫಾರ್ ಕಾರ್ಡಿಫ್' ಎಂಬ ಏಕಾಂಕವನ್ನು ಆಡಿತು. ಹಡಗಿನಲ್ಲಿ ಸಾಯುತ್ತಿರುವ ನಾವಿಕನೊಬ್ಬ, ಪಕ್ಕದಲ್ಲಿ ಕುಳಿತ ಗೆಳೆಯ, ಹೊರಗೆ ಮಂಜು. ಇಷ್ಟೇ ಆ ನಾಟಕ. ಅದರಲ್ಲಿಯೂ ಹೇಳಬೇಕಾದದ್ದನ್ನು ಹೇಳಲು ಪದ ಸಿಗದ ಇಬ್ಬರು ಗಂಡಸರಿದ್ದಾರೆ ಎಂಬುದನ್ನು ನೆನಪಿಡಿ.

ಅನಂತರದ ದಶಕದಲ್ಲಿ ಅವನು ಮಾಡದ ಪ್ರಯೋಗವಿಲ್ಲ. 1920ರ 'ದಿ ಎಂಪರರ್ ಜೋನ್ಸ್'ನಲ್ಲಿ ತನ್ನ ವಿರುದ್ಧ ದಂಗೆಯೆದ್ದವರಿಂದ ತಪ್ಪಿಸಿಕೊಂಡು ಕಾಡಿನೊಳಗೆ ಓಡುತ್ತಿರುವ ಕರಿಯ ನಾಯಕ ಬ್ರೂಟಸ್ ಜೋನ್ಸ್‌ನ ಬೆನ್ನ ಹಿಂದೆ ನಗಾರಿಯ ಸದ್ದು ನಿಮಿಷಕ್ಕೆ 72 ಬಡಿತದಿಂದ, ಅಂದರೆ ಮನುಷ್ಯನ ಸಾಮಾನ್ಯ ನಾಡಿಬಡಿತದಿಂದ ಆರಂಭವಾಗಿ, ಅವನ ಭಯ ಹೆಚ್ಚಿದಂತೆಲ್ಲ ವೇಗ ಪಡೆಯುತ್ತದೆ. 1926ರ 'ದಿ ಗ್ರೇಟ್ ಗಾಡ್ ಬ್ರೌನ್'ನಲ್ಲಿ ಪಾತ್ರಗಳು ಮುಖವಾಡ ಹಾಕಿಕೊಂಡು ಜಗತ್ತನ್ನು ಎದುರಿಸಿ, ಏಕಾಂತದಲ್ಲಿ ಅದನ್ನು ತೆಗೆಯುತ್ತವೆ. 1928ರ 'ಸ್ಟ್ರೇಂಜ್ ಇಂಟರ್ಲ್ಯೂಡ್' ಒಂಬತ್ತು ಅಂಕಗಳ ನಾಟಕ. ಮಧ್ಯದಲ್ಲಿ ಪ್ರೇಕ್ಷಕರಿಗೆ ಊಟದ ವಿರಾಮ ಕೊಡಬೇಕಾಗುತ್ತಿತ್ತು. ಪಾತ್ರಗಳು ಬಾಯಲ್ಲಿ ಒಂದನ್ನು ಆಡಿ, ಮನಸ್ಸಿನಲ್ಲಿರುವುದನ್ನು ಸ್ವಗತದಲ್ಲಿ ಬಿಚ್ಚಿಡುತ್ತಿದ್ದವು. ಪ್ರಾಚೀನ ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ರುದ್ರನಾಟಕತ್ರಯವನ್ನು ಅಮೆರಿಕದ ಅಂತರ್ಯುದ್ಧ ಮುಗಿದ ಕಾಲದ ನ್ಯೂ ಇಂಗ್ಲೆಂಡಿಗೆ ತಂದು 1931ರಲ್ಲಿ 'ಮೋರ್ನಿಂಗ್ ಬಿಕಮ್ಸ್ ಇಲೆಕ್ಟ್ರಾ' ಬರೆದ. ನಗಾರಿ, ಮುಖವಾಡ, ಸ್ವಗತ, ಗ್ರೀಕ್ ಕಥಾಚೌಕಟ್ಟು: ಇವೆಲ್ಲವೂ ಮಾತು ಮಾಡಲಾರದ ಕೆಲಸವನ್ನು ಬೇರೆ ಯಾವುದರಿಂದಾದರೂ ಮಾಡಿಸುವ ಯತ್ನಗಳು ಎಂದು ನನಗೆ ತೋರುತ್ತದೆ. 'ಇಲೆಕ್ಟ್ರಾ' ಮುಗಿಸಿದ ಮೇಲೆ ವಿದ್ವಾಂಸರೊಬ್ಬರಿಗೆ ಬರೆದ ಪತ್ರದಲ್ಲಿ ಅವನೇ ಇದನ್ನು ಒಪ್ಪಿಕೊಂಡಿದ್ದಾನೆ. ಆ ನಾಟಕವನ್ನು ಎತ್ತರಕ್ಕೆ ಒಯ್ಯಲು ಮಹತ್ತಾದ ಭಾಷೆ ಬೇಕಾಗಿತ್ತು, ಅದು ತನ್ನಲ್ಲಿಲ್ಲ. ನಂಬಿಕೆ ಒಡೆದುಹೋದ ಈ ಕಾಲದಲ್ಲಿ ಅಂಥ ಭಾಷೆ ಯಾರಿಗೂ ಸಾಧ್ಯವಿಲ್ಲವೆಂದು ತೋರುತ್ತದೆ. ಹೇಳಲಾಗದೆ ತಡವರಿಸುವುದರಿಂದಲೇ ಮನಸ್ಸನ್ನು ತಟ್ಟುವುದಷ್ಟೇ ಈಗ ಉಳಿದಿರುವ ದಾರಿ ಎಂಬುದು ಅಲ್ಲಿನ ತಾತ್ಪರ್ಯ. ಅವನ ವಿಮರ್ಶಕರಲ್ಲಿ ಯಾರೂ ಅವನ ಬಗ್ಗೆ ಇಷ್ಟು ನಿಖರವಾಗಿ ಬರೆದಿಲ್ಲ.

1936ರಲ್ಲಿ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಅಮೆರಿಕದ ಮೊದಲ ನಾಟಕಕಾರ ಅವನು. ವಿಮರ್ಶಕ ಬರ್ನಾರ್ಡ್ ಡಿ ವೋಟೊ ಆಗಲೇ ಈ ಆಯ್ಕೆಯನ್ನು ಕಟುವಾಗಿ ವಿರೋಧಿಸಿ ಬರೆದರು. ಹನ್ನೆರಡು ವರ್ಷಗಳ ಮೌನದ ನಂತರ 1946ರಲ್ಲಿ ಬ್ರಾಡ್‌ವೇಗೆ ಬಂದ 'ದಿ ಐಸ್‌ಮ್ಯಾನ್ ಕಮೆತ್' ಕುರಿತು ಮೇರಿ ಮೆಕಾರ್ತಿ ಇನ್ನೂ ನಿಷ್ಠುರವಾಗಿ ಬರೆದರು. ಆ ನಾಟಕದ ಜರ್ಮನ್ ಪ್ರಯೋಗದಲ್ಲಿ ಸ್ವತಃ ದುಡಿದಿದ್ದ ಎರಿಕ್ ಬೆಂಟ್ಲಿ, ಓನೀಲ್‌ನನ್ನು ಮೆಚ್ಚಲು ತಾವು ಪಟ್ಟ ಪ್ರಯತ್ನ ಫಲಿಸದ ಬಗೆಯನ್ನು 1952ರಲ್ಲಿ ವಿವರವಾದ ಪ್ರಬಂಧವಾಗಿಸಿದರು. 1953ರಲ್ಲಿ ಬಾಸ್ಟನ್ನಿನ ಹೋಟೆಲೊಂದರಲ್ಲಿ ಓನೀಲ್ ತೀರಿಕೊಂಡಾಗ, ಅವನನ್ನು ಕಾಲ ಮೀರಿದ ಹಳೆಯ ಹೆಸರೆಂದೇ ಬಹಳ ಮಂದಿ ಎಣಿಸಿದ್ದರು.

ಆದರೆ ಅವನ ನಿಜವಾದ ಕೆಲಸ ಅಷ್ಟರೊಳಗೆ ಮುಗಿದಿತ್ತು. ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್ ಬಳಿಯ ಬೆಟ್ಟದ ಮೇಲೆ ಟಾವೊ ಹೌಸ್ ಎಂಬ ಮನೆ ಕಟ್ಟಿಸಿಕೊಂಡು, 1939ರಿಂದ 1943ರವರೆಗೆ ಅವನು 'ದಿ ಐಸ್‌ಮ್ಯಾನ್ ಕಮೆತ್', 'ಲಾಂಗ್ ಡೇಸ್ ಜರ್ನಿ ಇಂಟು ನೈಟ್', 'ಹ್ಯೂಯಿ', 'ಎ ಮೂನ್ ಫಾರ್ ದಿ ಮಿಸ್‌ಬಿಗಾಟನ್' ನಾಟಕಗಳನ್ನು ಬರೆದ. ಕೈ ನಡುಕ ಹೆಚ್ಚುತ್ತ ಹೋಗಿ ಕಡೆಗೆ ಪೆನ್ಸಿಲ್ ಹಿಡಿಯಲಾಗದಂತಾಯಿತು. ಬಾಯಲ್ಲಿ ಹೇಳಿ ಬರೆಸುವುದು ಅವನಿಂದ ಆಗಲಿಲ್ಲವಾದ್ದರಿಂದ ಬರವಣಿಗೆ ಅಲ್ಲಿಗೇ ನಿಂತಿತು. ಈ ನಾಟಕಗಳಲ್ಲಿ ಮುಖವಾಡವಿಲ್ಲ, ನಗಾರಿಯಿಲ್ಲ. ಒಂದು ಕೋಣೆ, ಒಂದಷ್ಟು ಕುರ್ಚಿ, ವಿಸ್ಕಿ ಬಾಟಲಿ, ಅದನ್ನೇ ಮತ್ತೆ ಮತ್ತೆ ಹೇಳುವ ಜನ. 'ಐಸ್‌ಮ್ಯಾನ್'ನಲ್ಲಿ ಹೆಂಡದಂಗಡಿಯೊಂದರಲ್ಲಿ ಬಿದ್ದುಕೊಂಡಿರುವ ಕುಡುಕರಲ್ಲಿ ಪ್ರತಿಯೊಬ್ಬನೂ 'ನಾಳೆ' ಎಂಬ ಹುಸಿಗನಸಿನಲ್ಲಿ ಬದುಕಿರುತ್ತಾನೆ. ಹಿಕಿ ಎಂಬ ಮಾರಾಟಗಾರ ಬಂದು ಅವರ ಕನಸುಗಳನ್ನು ಒಂದೊಂದಾಗಿ ಕಿತ್ತುಹಾಕಿದಾಗ ಅವರಿಗೆ ಬಿಡುಗಡೆ ಸಿಗುವುದಿಲ್ಲ, ಕುಡಿದರೂ ಅಮಲೇರದಂತಾಗುತ್ತದೆ. ಒಂದೇ ಅಂಶವನ್ನು ಹದಿನೆಂಟು ಸಲ ಹೇಳಿದ್ದೀರಿ ಎಂದು ನಿರ್ಮಾಪಕರ ಕಡೆಯವರು ಎತ್ತಿ ತೋರಿಸಿದಾಗ, ಹದಿನೆಂಟು ಸಲ ಹೇಳಬೇಕೆಂದೇ ಬರೆದಿದ್ದೇನೆ ಎಂದು ಓನೀಲ್ ಉತ್ತರಿಸಿದನಂತೆ. ಆ ಉತ್ತರದಲ್ಲಿ ನನಗೆ ಹಟ ಕಾಣುವುದಿಲ್ಲ. ತನ್ನ ಸುಳ್ಳನ್ನು ದಿನವೂ ಹೊಸದಾಗಿ ಹೇಳಿಕೊಳ್ಳದೆ ಬದುಕಲಾರದವನ ಮಾತು ಹಾಗೆ ಸುತ್ತಿ ಸುತ್ತಿಯೇ ಬರಬೇಕು.

'ಲಾಂಗ್ ಡೇಸ್ ಜರ್ನಿ'ಯ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ. 1912ರ ಆಗಸ್ಟ್ ತಿಂಗಳ ಒಂದು ದಿನ, ಬೆಳಗಿನ ಎಂಟೂವರೆಯಿಂದ ನಡುರಾತ್ರಿಯವರೆಗೆ, ಟೈರೋನ್ ಕುಟುಂಬದ ನಾಲ್ವರು ಕಡಲತೀರದ ಬೇಸಿಗೆ ಮನೆಯಲ್ಲಿದ್ದಾರೆ. ಅದು ಓನೀಲ್‌ನ ಸ್ವಂತ ಮನೆಯೇ: ಜಿಪುಣ ನಟ ತಂದೆ, ಮತ್ತೆ ಮಾರ್ಫಿನ್‌ಗೆ ಜಾರುತ್ತಿರುವ ತಾಯಿ ಮೇರಿ, ಕುಡುಕ ಅಣ್ಣ ಜೇಮಿ, ಕ್ಷಯ ತಗಲಿದ ತಮ್ಮ ಎಡ್ಮಂಡ್. ಒಬ್ಬರು ಇನ್ನೊಬ್ಬರನ್ನು ಮಾತಿನಿಂದ ಇರಿಯುತ್ತಾರೆ, ಮರುಕ್ಷಣವೇ ನೊಂದು ಕ್ಷಮೆ ಕೇಳುತ್ತಾರೆ, ಮತ್ತೆ ಅದೇ ಜಾಗಕ್ಕೆ ಇರಿಯುತ್ತಾರೆ. ಒಂದು ಸಣ್ಣ ವಿವರ ಓದಿದಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ನಿಜ ಜೀವನದಲ್ಲಿ ಶಿಶುವಾಗಿದ್ದಾಗಲೇ ದಡಾರದಿಂದ ಸತ್ತ ಅಣ್ಣನ ಹೆಸರು ಎಡ್ಮಂಡ್, ಬದುಕಿದವನು ಯೂಜೀನ್. ನಾಟಕದಲ್ಲಿ ಬದುಕಿರುವವನಿಗೆ ಎಡ್ಮಂಡ್ ಎಂದು ಹೆಸರಿಟ್ಟು, ಸತ್ತ ಮಗುವಿಗೆ ಅವನು ತನ್ನ ಹೆಸರನ್ನು ಕೊಟ್ಟಿದ್ದಾನೆ. ತಾನು ಹುಟ್ಟಿದ್ದರಿಂದಲೇ ತಾಯಿ ಹಾಳಾದಳೆಂಬ ಭಾವನೆಯನ್ನು ಹೊತ್ತವನು ಇದನ್ನು ಯಾವ ರಂಗಸೂಚನೆಯಲ್ಲಿಯೂ ವಿವರಿಸದೆ, ಬರೀ ಹೆಸರಿನ ಅದಲು ಬದಲಿನಿಂದ ಹೇಳಿಬಿಟ್ಟಿದ್ದಾನೆ.

ನಾಲ್ಕನೆಯ ಅಂಕದಲ್ಲಿ, ಹೊರಗೆ ಮಂಜು ಕವಿದಿರುವಾಗ, ಕುಡಿದ ಎಡ್ಮಂಡ್ ತಾನು ಕಡಲಿನಲ್ಲಿ ಕಳೆದ ರಾತ್ರಿಗಳನ್ನು ತಂದೆಗೆ ವರ್ಣಿಸುತ್ತಾನೆ. ನಿನ್ನೊಳಗೆ ಕವಿಯ ಲಕ್ಷಣವಿದೆ ಎಂದು ತಂದೆ ಹೇಳಿದಾಗ ಅವನು ಒಪ್ಪುವುದಿಲ್ಲ. ಈಗ ಆಡಿದ್ದು ಬರೀ ತೊದಲು, ಬದುಕಿದರೆ ಮುಂದೆಯೂ ಇಷ್ಟೇ, ಮಂಜಿನ ಜನರಾದ ನಮಗೆ ತೊದಲೇ ಸಹಜವಾದ ವಾಗ್ಮಿತೆ ಎನ್ನುತ್ತಾನೆ. ಹತ್ತು ವರ್ಷದ ಹಿಂದೆ ಪತ್ರದಲ್ಲಿ ಒಪ್ಪಿಕೊಂಡಿದ್ದ ಕೊರತೆ ಇಲ್ಲಿ ಪಾತ್ರದ ಬಾಯಿಂದ ಬರುವಾಗ ಕೊರತೆಯಾಗಿ ಉಳಿದಿಲ್ಲ. ಕೊನೆಯಲ್ಲಿ ಮೇರಿ ತನ್ನ ಮದುವೆಯ ಉಡುಪನ್ನು ನೆಲದ ಮೇಲೆ ಎಳೆದುಕೊಂಡು ಬಂದು, ಕಾನ್ವೆಂಟಿನ ಹುಡುಗಿಯ ಹಾಗೆ ಮಾತಾಡಿ, ಜೇಮ್ಸ್ ಟೈರೋನ್‌ನನ್ನು ಪ್ರೀತಿಸಿದೆ, ಸ್ವಲ್ಪ ಕಾಲ ತುಂಬಾ ಸುಖವಾಗಿದ್ದೆ ಎನ್ನುತ್ತಾಳೆ. ಆ ವಾಕ್ಯದಲ್ಲಿ ಅಲಂಕಾರದ ಒಂದು ಪದವೂ ಇಲ್ಲ.

ಈ ನಾಟಕವನ್ನು ತಾನು ಸತ್ತ 25 ವರ್ಷದವರೆಗೆ ಪ್ರಕಟಿಸಬಾರದೆಂದು ಅವನು ಮುದ್ರೆಯೊತ್ತಿ ಪ್ರಕಾಶಕರಿಗೆ ಕೊಟ್ಟಿದ್ದ. ಪತ್ನಿ ಕಾರ್ಲೊಟಾ ಆ ಮಾತನ್ನು ಪಾಲಿಸಲಿಲ್ಲ. ಅವನು ತೀರಿಕೊಂಡ ಮೂರನೆಯ ವರ್ಷಕ್ಕೇ, 1956ರ ಫೆಬ್ರವರಿಯಲ್ಲಿ, ಸ್ಟಾಕ್‌ಹೋಮ್‌ನಲ್ಲಿ ಮೊದಲ ಪ್ರಯೋಗ ನಡೆಯಿತು, ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ ಪುಸ್ತಕವನ್ನು ಹೊರತಂದಿತು. ಆಕೆ ಮಾಡಿದ್ದು ಸರಿಯೇ ಎಂದು ನನ್ನನ್ನು ಕೇಳಿದರೆ, ಗಂಡನ ಇಚ್ಛೆಗೆ ದ್ರೋಹವಾಯಿತು, ಆದರೂ ನಾನು ಆಕೆಗೆ ಕೃತಜ್ಞ ಎನ್ನಬೇಕಾಗುತ್ತದೆ. ಅದೇ ವರ್ಷ ಹೊಸೆ ಕಿಂಟೆರೊ ನಿರ್ದೇಶನದಲ್ಲಿ, ಜೇಸನ್ ರಾಬರ್ಡ್ಸ್ ಹಿಕಿಯ ಪಾತ್ರದಲ್ಲಿ, 'ಐಸ್‌ಮ್ಯಾನ್' ನ್ಯೂಯಾರ್ಕಿನ ಸಣ್ಣ ರಂಗಮಂದಿರವೊಂದರಲ್ಲಿ ಮತ್ತೆ ಏರಿ 565 ಪ್ರದರ್ಶನ ಕಂಡಿತು. ಮೆಕಾರ್ತಿ, ಬೆಂಟ್ಲಿ ಅವರ ವಾದಗಳಿಗೆ ಉತ್ತರ ಬಂದದ್ದು ಹೀಗೆ, ರಂಗದ ಮೇಲಿಂದ. 1957ರಲ್ಲಿ 'ಲಾಂಗ್ ಡೇಸ್ ಜರ್ನಿ'ಗೆ ಮರಣೋತ್ತರವಾಗಿ ಬಂದದ್ದು ಅವನ ನಾಲ್ಕನೆಯ ಪುಲಿಟ್ಜರ್ ಪ್ರಶಸ್ತಿ.

ಎಲ್ಲ ಆಕ್ಷೇಪಗಳೂ ಇದರಿಂದ ತೀರುವುದಿಲ್ಲ. ಎಂಪರರ್ ಜೋನ್ಸ್ ಪಾತ್ರದಿಂದ ಬ್ರಾಡ್‌ವೇಯಲ್ಲಿ ಹೆಸರಾದ ಕರಿಯ ನಟ ಚಾರ್ಲ್ಸ್ ಗಿಲ್ಪಿನ್, ಸಂಭಾಷಣೆಯಲ್ಲಿದ್ದ ಜನಾಂಗನಿಂದೆಯ ಪದವನ್ನು ಬದಲಿಸಿ ಆಡುತ್ತಿದ್ದರು, ಓನೀಲ್ ಅದಕ್ಕೆ ಸಿಟ್ಟಾದ. ಗಿಲ್ಪಿನ್ ಅವರದೇ ಸರಿ ಎಂದು ನಾನು ಭಾವಿಸುತ್ತೇನೆ. ಜೋನ್ಸ್‌ನ ಭಯದಲ್ಲಿ ಮನುಷ್ಯಮಾತ್ರರ ಭಯಕ್ಕಿಂತ ಬಿಳಿಯರು ಕರಿಯರ ಬಗ್ಗೆ ಮಾಡಿಕೊಂಡ ಕಲ್ಪನೆಯೇ ಹಲವೆಡೆ ಹೆಚ್ಚಾಗಿ ಕಾಣುತ್ತದೆ. ಹಾಗಿದ್ದರೂ ಗಂಭೀರವಾದ ಪ್ರಧಾನ ಪಾತ್ರವನ್ನು ಬಿಳಿಯ ನಟನಿಗೆ ಮಸಿ ಬಳಿದು ಆಡಿಸದೆ ಕರಿಯ ನಟನಿಗೇ ಕೊಟ್ಟದ್ದು ಆ ಕಾಲದಲ್ಲಿ ಸಣ್ಣ ಹೆಜ್ಜೆಯಾಗಿರಲಿಲ್ಲ. ಕನೆಟಿಕಟ್‌ನಲ್ಲಿ 1964ರಲ್ಲಿ ಅವನ ಹೆಸರಿನಲ್ಲಿ ಆರಂಭವಾದ ರಂಗಕೇಂದ್ರದಲ್ಲಿಯೇ ಮುಂದೆ ಕರಿಯ ನಾಟಕಕಾರ ಆಗಸ್ಟ್ ವಿಲ್ಸನ್ ಅವರ ಮೊದಲ ಮುಖ್ಯ ನಾಟಕ ರೂಪುಗೊಂಡಿತು.

ಮೊದಲು 'ಲಾಂಗ್ ಡೇಸ್ ಜರ್ನಿ' ಓದಿ, ಸಾಧ್ಯವಾದರೆ ಮೂರು ನಾಲ್ಕು ಜನ ಕೂತು ಗಟ್ಟಿಯಾಗಿ ಓದಿ. ತರಗತಿಯಲ್ಲಿ ನಾಲ್ಕನೆಯ ಅಂಕವನ್ನು ಹೀಗೆ ಓದಿಸಿದಾಗ, ಪುಟದ ಮೇಲೆ ಬೇಸರ ತರಿಸಿದ ಪುನರುಕ್ತಿ ಬಾಯಲ್ಲಿ ಬೇರೆಯೇ ಆಗುವುದನ್ನು ಪ್ರತಿ ವರ್ಷವೂ ನೋಡಿದ್ದೇನೆ. ಜೇಮಿ ಆಮೇಲೆ ಏನಾದನೆಂದು ತಿಳಿಯಬೇಕೆನಿಸಿದರೆ 'ಎ ಮೂನ್ ಫಾರ್ ದಿ ಮಿಸ್‌ಬಿಗಾಟನ್' ಇದೆ. 'ಐಸ್‌ಮ್ಯಾನ್' ದೀರ್ಘವಾದದ್ದು, ಬಿಡುವಿದ್ದಾಗ ಎತ್ತಿಕೊಳ್ಳಿ. ಇವುಗಳ ನಂತರ ನಿಮ್ಮ ಪಠ್ಯಕ್ಕೆ ಮರಳಿ. ಹಡಗಿನ ಕುಲುಮೆಗೆ ಕಲ್ಲಿದ್ದಲು ತುಂಬುವ ಯಾಂಕ್, ಎಲ್ಲರಿಂದಲೂ ತಳ್ಳಿಸಿಕೊಂಡು ಕಡೆಗೆ ಮೃಗಾಲಯದ ಗೊರಿಲ್ಲದ ಪಂಜರದ ಮುಂದೆ ನಿಂತು, ತನ್ನ ಜಾಗ ಯಾವುದೆಂದು ತನ್ನ ಹರುಕು ಇಂಗ್ಲಿಷಿನಲ್ಲಿ ಹೇಳಲು ಒದ್ದಾಡುವ ಆ ದೃಶ್ಯವನ್ನು ಎಡ್ಮಂಡ್‌ನ ಮಾತು ಕಿವಿಯಲ್ಲಿರುವಾಗಲೇ ಇನ್ನೊಮ್ಮೆ ಓದಿ.